ಬೊನಾಂಜಾ ಮೊದಲ ಎಪಿಸೋಡ್ ನೋಡಿ ನನ್ನನ್ನು ಬೈಯುವವರಿಗೆ

‘ನೀನು ಹೇಳಿದೆ ಅಂತ ಬೊನಾಂಜಾ ಮೊದಲ ಎಪಿಸೋಡ್ ನೋಡಿದೆ ಮಾರಾಯ. ಇದನ್ನಾ ನೀನು ಅಷ್ಟು ಹೊಗಳಿದ್ದು?’

ಮೂರು ವರ್ಷದಲ್ಲಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮದುವೆ ಊಟದ ಸಾಲಿನಲ್ಲಿ ಕೊಟ್ಟಿದ್ದೇನೆ. ಆಫೀಸಿನ ಲಿಫ್ಟ್‌ನಲ್ಲಿ ಕೊಟ್ಟಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಕೊಡಲು ನೋಡಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಈ ಬರಹ ಕಳಿಸುತ್ತೇನೆ.

ಉತ್ತರ: ಹೌದು, ಇದನ್ನೇ. ಹೌದು, ಮೊದಲ ಎಪಿಸೋಡ್ ಎಡವಟ್ಟು. ನಮಗೆಲ್ಲ ಗೊತ್ತು. ಅಭಿಮಾನಿಗಳು ಸೇರಿದಾಗ ನಾವೇ ಅದನ್ನು ಆಡಿಕೊಂಡು ನಗುತ್ತೇವೆ. ಆದರೆ ನಿಮ್ಮನ್ನು ಅಲ್ಲಿಂದ ಶುರು ಮಾಡಿ ಅಂತ ಹೇಳಿದವರು ಯಾರು? ನಾನಂತೂ ಹೇಳಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬೊನಾಂಜಾ ಅಮೆರಿಕದ ಹಳೇ ಕೌಬಾಯ್ ಸೀರಿಯಲ್. 1859ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿಯಲ್ಲಿ ಬೆಳ್ಳಿ ಸಿಕ್ಕಿತಲ್ಲ, ಆ ಕಾಲದ ಕಥೆ. ಟಾಹೋ ಸರೋವರದ ದಂಡೆಯಲ್ಲಿ ಪಾಂಡರೋಸಾ ಅಂತ ಒಂದು ಭಾರಿ ಜಮೀನು. ಅಪ್ಪ ಬೆನ್ ಕಾರ್ಟ್‌ರೈಟ್, ಮೂರು ಗಂಡು ಮಕ್ಕಳು: ಆಡಮ್, ಹಾಸ್, ಲಿಟಲ್ ಜೋ. 1959ರ ಸೆಪ್ಟೆಂಬರ್ 12ರಂದು ಶುರುವಾಗಿ 1973ರ ಜನವರಿವರೆಗೆ 14 ಸೀಸನ್ ಓಡಿತು. 400ಕ್ಕೂ ಜಾಸ್ತಿ ಎಪಿಸೋಡ್. ಅದರಲ್ಲಿ ಒಂದೇ ಒಂದನ್ನು ನೋಡಿ, ಅದೂ ಮೊದಲನೆಯದನ್ನು, ನನ್ನ ಅಭಿರುಚಿಯ ಬಗ್ಗೆ ತೀರ್ಪು ಕೊಡುತ್ತಾರೆ.

ನನ್ನ ಸಿಟ್ಟಿಗೆ ಮೂಲ ಭಾವ. ಮೂರು ವರ್ಷದ ಹಿಂದೆ ಸ್ಯಾಕ್ರಮೆಂಟೊದಲ್ಲಿ ಅಕ್ಕ-ಭಾವನ ಹೊಸ ಮನೆ ಗೃಹಪ್ರವೇಶ. ಪೂಜೆ, ಊಟ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಮನೆಯವರಷ್ಟೇ ಉಳಿದಿದ್ದೆವು. ಗೋಡೆ ತುಂಬ ಹೊಸ ಟಿವಿ. ಭಾವ ಸೋಫಾದಲ್ಲಿ ಕಾಲು ಚಾಚಿ ‘ನಿನ್ನ ಆ ಕುದುರೆ ಸೀರಿಯಲ್ ಹಾಕಯ್ಯಾ, ನೋಡೇ ಬಿಡೋಣ’ ಅಂದರು. ಕುದುರೆ ಸೀರಿಯಲ್! ಅದನ್ನೂ ನುಂಗಿಕೊಂಡೆ. ಒಳ್ಳೆಯ ಎಪಿಸೋಡ್ ಆರಿಸುತ್ತಿದ್ದರೆ ರಿಮೋಟ್ ಕಿತ್ತುಕೊಂಡು ‘ಮಧ್ಯದಿಂದ ನೋಡಿದರೆ ಏನು ಅರ್ಥ ಆಗುತ್ತೆ? ಮೊದಲಿಂದ ಬರಲಿ’ ಅಂತ ಒಂದನೇ ಎಪಿಸೋಡ್ ಒತ್ತಿದರು.

ಅದರ ಹೆಸರು ‘ಎ ರೋಸ್ ಫಾರ್ ಲೋಟಾ’. ಹೆಸರು ಓದುತ್ತಿದ್ದ ಹಾಗೇ ಅಕ್ಕನ ಮಗ ‘ಲೋಟನಾ?’ ಅಂದ. ಅಲ್ಲಿಗೆ ಅರ್ಧ ಮರ್ಯಾದೆ ಹೋಯಿತು.

ಕಥೆ ಇಷ್ಟು. ಗಣಿ ಧಣಿಗಳಿಗೆ ಸುರಂಗಕ್ಕೆ ಆನಿಸಲು ಮರ ಬೇಕು. ಪಾಂಡರೋಸಾ ತುಂಬ ಮರ ಇದೆ, ಬೆನ್ ಕೊಡುತ್ತಿಲ್ಲ. ಅದಕ್ಕೆ ಲೋಟಾ ಕ್ರಾಬ್‌ಟ್ರೀ ಅನ್ನುವ ನಾಟಕದ ನಟಿಗೆ ದುಡ್ಡು ಕೊಟ್ಟು ಒಬ್ಬ ಮಗನನ್ನು ಮರುಳು ಮಾಡಿ ಪೇಟೆಗೆ ಕರೆತರಲು ಹೇಳುತ್ತಾರೆ. ಮಗ ಕೈಗೆ ಸಿಕ್ಕರೆ ಅಪ್ಪ ಮರ ಕೊಡಲೇಬೇಕಲ್ಲ. ಕಿರಿಯವನು ಜೋ ಬಲೆಗೆ ಬೀಳುತ್ತಾನೆ.

ಭಾವ ಹತ್ತನೇ ನಿಮಿಷಕ್ಕೆ ‘ಕಂಪನಿ ನಾಟಕ ಕಣಯ್ಯಾ’ ಅಂದರು. ಇಪ್ಪತ್ತಕ್ಕೆ ಆಕಳಿಸಿದರು. ಮೂವತ್ತಕ್ಕೆ ಮೊಬೈಲ್ ತೆಗೆದರು. ನಾನು ಪಕ್ಕದಲ್ಲಿ ಕೂತು ಮ್ಯಾಚು ಸೋಲುತ್ತಿರುವ ತಂಡದ ಕೋಚಿನ ಹಾಗೆ ‘ಮುಂದೆ ಚೆನ್ನಾಗಿದೆ, ಮುಂದೆ ನೋಡಿ’ ಅನ್ನುತ್ತಲೇ ಇದ್ದೆ. ಈ ಗಲಾಟೆಯ ಮಧ್ಯೆ ದಿವಾನದ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಭಾವನ ಅಮ್ಮ ಏನೋ ಕೇಳಿದರು. ಹಾಸನದಿಂದ ಆರು ತಿಂಗಳಿಗೆ ಅಂತ ಬಂದಿದ್ದರು. ನಾನು ಸರಿಯಾಗಿ ಕಿವಿಗೊಡಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೈಯುವುದಾದರೆ ಸರಿಯಾಗಿ ಬೈಯಿರಿ ಅಂತ ನನ್ನ ವಾದ. ‘ಬೋರು’ ಅಂದರೆ ಸಾಲದು. ಸಾಮಾನು ನಾನೇ ಕೊಡುತ್ತೇನೆ, ತೊಗೊಳ್ಳಿ.

ಲೋಟಾ ಕ್ರಾಬ್‌ಟ್ರೀ ನಿಜವಾಗಿ ಇದ್ದವಳು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಊರುಗಳಲ್ಲಿ ಕುಣಿದು ಹಾಡಿ ಹೆಸರು ಮಾಡಿದಳು. ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್‌ನಲ್ಲಿ 1875ರಲ್ಲಿ ಅವಳ ಹೆಸರಿನಲ್ಲಿ ನಿಲ್ಲಿಸಿದ ಕಾರಂಜಿ ಈಗಲೂ ಇದೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಅವಳು ಹುಟ್ಟಿದ್ದು 1847ರಲ್ಲಿ. ಬೆಳ್ಳಿ ಸಿಕ್ಕ ವರ್ಷಕ್ಕೆ ಲೆಕ್ಕ ಹಾಕಿದರೆ ಇನ್ನೂ 12 ತುಂಬದ ಹುಡುಗಿ! ಅವಳ ಪಾತ್ರ ಮಾಡಿದ್ದು ಇವಾನ್ ಡಿ ಕಾರ್ಲೊ. ಈ ಎಪಿಸೋಡಿಗೆ ಮೂರು ವರ್ಷದ ಹಿಂದಷ್ಟೇ ‘ಟೆನ್ ಕಮಾಂಡ್‌ಮೆಂಟ್ಸ್’ ಸಿನಿಮಾದಲ್ಲಿ ಮೋಸೆಸ್‌ನ ಹೆಂಡತಿಯಾಗಿದ್ದವಳು. ಎಪಿಸೋಡ್ ಪ್ರಸಾರವಾದಾಗ ಅವಳಿಗೆ 37. ಮರುಳಾಗಬೇಕಿದ್ದ ಜೋ, ಅಂದರೆ ಮೈಕೆಲ್ ಲ್ಯಾಂಡನ್‌ಗೆ 22.

ಅಪ್ಪ-ಮಕ್ಕಳ ವಯಸ್ಸಿನ ಕಥೆ ಇನ್ನೂ ಮಜಾ. ಅಪ್ಪನಾದ ಲಾರ್ನ್ ಗ್ರೀನ್ ಹುಟ್ಟಿದ್ದು 1915ರಲ್ಲಿ. ಹಿರಿಮಗ ಆಡಮ್ ಆದ ಪರ್ನೆಲ್ ರಾಬರ್ಟ್ಸ್ 1928ರಲ್ಲಿ. 13 ವರ್ಷದ ಅಂತರ! ಎರಡನೇ ಮಗ ಹಾಸ್ ಆದ ಡ್ಯಾನ್ ಬ್ಲಾಕರ್ ಕೂಡ 1928ರವನೇ. ಅಪ್ಪನ ಬಿಳಿ ಕೂದಲು, ಗಡುಸು ದನಿಯಲ್ಲೇ ಸಂಭಾಳಿಸಿದ್ದಾರೆ. ದನಿಗೇನೂ ಕೊರತೆ ಇರಲಿಲ್ಲ ಬಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾದ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ ಮನುಷ್ಯ. ಸಾವು-ನೋವಿನ ಸುದ್ದಿಯನ್ನೇ ಓದಿ ಓದಿ ಜನ ಆ ದನಿಗೆ ‘ಕೇಡಿನ ದನಿ’ ಅಂತ ಅಡ್ಡಹೆಸರು ಇಟ್ಟಿದ್ದರು.

ಕೊನೆಯಲ್ಲಿ ನಾಲ್ವರೂ ಕುದುರೆ ಮೇಲೆ ಕೂತು ಆ ಪ್ರಸಿದ್ಧ ಟೈಟಲ್ ಟ್ಯೂನಿಗೆ ಮಾತು ಹಚ್ಚಿ ಹಾಡುತ್ತಾರೆ. ನಿಜ ಹೇಳುತ್ತಿದ್ದೇನೆ, ಶೂಟ್ ಮಾಡಿದ್ದರು. ಪ್ರಸಾರಕ್ಕೆ ಮೊದಲು ಯಾರೋ ಪುಣ್ಯಾತ್ಮರು ಅದನ್ನು ಕತ್ತರಿಸಿದರು. ಆ ತುಣುಕು ಈಗ ಹುಡುಕಿದರೆ ಸಿಗುತ್ತದೆ. ನೋಡಿದ್ದೇನೆ. ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ. ಭಾವನಿಗೆ ಅದನ್ನು ತೋರಿಸಿಲ್ಲ, ತೋರಿಸುವುದೂ ಇಲ್ಲ.

ಇಷ್ಟೆಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ಆ ಶುರುವಿನ ಎಪಿಸೋಡ್‌ಗಳಲ್ಲಿ ಕಾರ್ಟ್‌ರೈಟ್ ಮನೆಯವರು ಒಳ್ಳೆಯವರೇ ಅಲ್ಲ. ಬೇಲಿ ದಾಟಿದವರ ಮೇಲೆ ಬಂದೂಕು ಹಿಡಿದು ಎಗರುತ್ತಾರೆ. ಯಾರು ಬಂದರೂ ಅನುಮಾನ. ಲಾರ್ನ್ ಗ್ರೀನ್‌ಗೇ ಇದು ಹಿಡಿಸಲಿಲ್ಲವಂತೆ. ಸುತ್ತಮುತ್ತ ಇವರಷ್ಟು ದನ, ಮರ ಇರುವವರು ಇನ್ಯಾರೂ ಇಲ್ಲ, ನಾಲ್ಕು ಜನರ ಜೊತೆ ವ್ಯವಹಾರ ಮಾಡಬೇಕಾದ ಮನೆ, ಬಂದವರನ್ನೆಲ್ಲ ಓಡಿಸಿದರೆ ಹೇಗೆ ಅಂತ ವಾದ ಮಾಡಿದ. ನಿರ್ಮಾಪಕರು ಒಪ್ಪಿಕೊಂಡರು. ಆಮೇಲೆ ನೋಡಿ, ಬಾಗಿಲು ತಟ್ಟಿದವರಿಗೆಲ್ಲ ಕುರ್ಚಿ, ಕಾಫಿ, ಊಟ. ನಾನು ಇಷ್ಟಪಟ್ಟಿದ್ದು ಆ ಮನೆಯನ್ನು. ಮೊದಲ ಎಪಿಸೋಡ್‌ನಲ್ಲಿ ಆ ಮನೆ ಇನ್ನೂ ಕಟ್ಟಿಯೇ ಇರಲಿಲ್ಲ.

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಈ ‘ಮೊದಲಿಂದ ನೋಡಬೇಕು’ ಅನ್ನುವ ಚಟ ಯಾವಾಗಿಂದ ಬಂತು? ಎಲ್ಲ ಎಪಿಸೋಡ್ ಸಾಲಾಗಿ ಜೋಡಿಸಿಟ್ಟ ಆ್ಯಪ್‌ಗಳು ಬಂದ ಮೇಲೆ ತಾನೇ? ಬೊನಾಂಜಾ ಆ ಥರದ್ದಲ್ಲ. ಒಂದು ವಾರಕ್ಕೆ ಒಂದು ಕಥೆ, ಐವತ್ತು ನಿಮಿಷಕ್ಕೆ ಮುಗೀತು. ಯಾವ ವಾರ ಬೇಕಾದರೂ ಒಳಗೆ ಬರಬಹುದು. ನಮ್ಮೂರಲ್ಲಿ ರಾತ್ರಿಯಿಡೀ ಯಕ್ಷಗಾನಕ್ಕೆ ಎಲ್ಲರೂ ಚೌಕಿಪೂಜೆಯಿಂದಲೇ ಬಂದು ಕೂರುತ್ತಿದ್ದರಾ? ಊಟ ಮುಗಿಸಿ ಹನ್ನೊಂದಕ್ಕೆ ಬಂದವರಿಗೂ ಕಥೆ ಹತ್ತುತ್ತಿತ್ತು.

ನಾನು ಬಂದಿದ್ದೂ ಹಾಗೇ. ಓದಲು ಅಂತ ನೆವಾಡಾದ ರೀನೋ ಊರಿಗೆ ಬಂದ ಮೊದಲ ಚಳಿಗಾಲ. ಬಾಡಿಗೆ ರೂಮು, ಕೇಬಲ್‌ಗೆ ದುಡ್ಡಿಲ್ಲ. ಹಿಂದೆ ಇದ್ದವರು ಬಿಟ್ಟುಹೋದ ಟಿವಿಗೆ ಮೊಲದ ಕಿವಿಯಂಥ ಆಂಟೆನಾ. ಹಳೇ ಸೀರಿಯಲ್‌ಗಳನ್ನು ಮರುಪ್ರಸಾರ ಮಾಡುವ ಒಂದು ಚಾನಲ್ ಮಾತ್ರ ನೆಟ್ಟಗೆ ಬರುತ್ತಿತ್ತು. ಕುಕ್ಕರಿನಲ್ಲಿ ಅನ್ನ ಇಟ್ಟು ಮೂರು ಸೀಟಿ ಎಣಿಸುತ್ತಾ ನೋಡಿದ ಎಪಿಸೋಡ್‌ನಲ್ಲಿ ಹಾಸ್‌ಗೆ ಕಾಡಿನಲ್ಲಿ ಹಸಿರು ಬಟ್ಟೆಯ ಕುಳ್ಳರು ಕಾಣುತ್ತಾರೆ, ಊರಿನವರು ಯಾರೂ ನಂಬುವುದಿಲ್ಲ. ಅಷ್ಟು ದೊಡ್ಡ ಆಳು, ಮುಖದಲ್ಲಿ ಮಗುವಿನ ಪೆಚ್ಚು. ನಾನು ಸೀಟಿ ಎಣಿಸುವುದು ಮರೆತೆ. ಅನ್ನ ಗಂಜಿಯಾಯಿತು. ಅದೇ ಗಂಜಿ ಉಂಡುಕೊಂಡು ಮುಂದಿನ ಎಪಿಸೋಡ್ ನೋಡಿದೆ. ಮೊದಲನೆಯದನ್ನು ನೋಡಿದ್ದು ನಾಲ್ಕು ವರ್ಷದ ನಂತರ, ಹತ್ತಿರದವರ ಬಾಲ್ಯದ ಫೋಟೋ ನೋಡುವ ಹಾಗೆ. ಆಗ ಅದರ ಎಡವಟ್ಟೆಲ್ಲ ಮುದ್ದಾಗಿ ಕಂಡಿತ್ತು. ನಿಮಗೆ ಕಾಣಲಿಲ್ಲ ಅಂದರೆ ತಪ್ಪು ನೀವು ನೋಡಿದ ಕ್ರಮದ್ದು.

‘ಹಾಗಾದರೆ ಇಂಥ ಶುರು ಇದ್ದೂ 14 ಸೀಸನ್ ಹೇಗೆ ಓಡಿತು?’ ಅಂತ ಕೆಲವರು ಎರಡನೇ ಪ್ರಶ್ನೆ ಎಸೆಯುತ್ತಾರೆ. ಬಣ್ಣದಿಂದ. ಬೊನಾಂಜಾ ಬರುತ್ತಿದ್ದ ಎನ್‌ಬಿಸಿ ಚಾನಲ್‌ಗೆ ಆಗ ಧಣಿ ಟಿವಿ ತಯಾರಿಸುವ ಆರ್‌ಸಿಎ ಕಂಪನಿ. ಅವರಿಗೆ ಕಲರ್ ಟಿವಿ ಮಾರಬೇಕಿತ್ತು. ಬೊನಾಂಜಾ ಮೊದಲಿಂದಲೂ ಕಲರ್, ನೀಲಿ ಸರೋವರ, ಹಸಿರು ಕಾಡು, ಅಂಗಡಿಯಲ್ಲಿ ಟಿವಿ ಹಾಕಿ ತೋರಿಸಲು ಹೇಳಿ ಮಾಡಿಸಿದಂತಿತ್ತು. ಶನಿವಾರ ಸಂಜೆ ಎದುರಿನ ಚಾನಲ್‌ನಲ್ಲಿ ಪೆರಿ ಮೇಸನ್ ಅನ್ನುವ ವಕೀಲನ ಸೀರಿಯಲ್ ಬರುತ್ತಿತ್ತು, ಇವರನ್ನು ಕೇಳುವವರಿರಲಿಲ್ಲ. 1961ರಲ್ಲಿ ಭಾನುವಾರ ರಾತ್ರಿ 9ಕ್ಕೆ ಹಾಕಿದರು. 1964ರಿಂದ 67ರವರೆಗೆ ಮೂರು ಸೀಸನ್ ಇಡೀ ಅಮೆರಿಕದಲ್ಲಿ ಇದೇ ನಂಬರ್ ಒನ್. ಸಾಕಾ?

ಈಗ ಭಾವನ ಅಮ್ಮ ಕೇಳಿದ್ದಕ್ಕೆ ಬರುತ್ತೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಲೋಟಾ ಯಾರು, ಮರ ಯಾಕೆ, ಒಂದೂ ಗೊತ್ತಾಗಿಲ್ಲ. ಬತ್ತಿ ಹೊಸೆಯುತ್ತಲೇ ‘ಅಲ್ಲಪ್ಪ, ಅಷ್ಟು ದೊಡ್ಡ ಮನೆ, ಒಬ್ಬ ಹೆಣ್ಣುಮಗಳೂ ಕಾಣಲ್ವಲ್ಲ? ಆ ಹುಡುಗರ ತಾಯಿ ಎಲ್ಲಿ?’ ಅಂತ ಕೇಳಿದ್ದರು.

ನಾನು ‘ಇಲ್ಲಮ್ಮ, ತೀರಿಕೊಂಡಿದ್ದಾರೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿ ಮತ್ತೆ ಭಾವನ ಜೊತೆ ವಾದಕ್ಕೆ ಇಳಿದೆ. ಈಗಲೂ ನಾಚಿಕೆಯಾಗುತ್ತದೆ. ಇಷ್ಟು ವರ್ಷದಲ್ಲಿ ಈ ಸೀರಿಯಲ್ ಬಗ್ಗೆ ಯಾರಾದರೂ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದರೆ ಅದು ಅದೊಂದೇ.

ಯಾಕಂದರೆ ಅದು ತಾಯಿ ಅಲ್ಲ, ತಾಯಂದಿರು. ಮೂವರು ಮಕ್ಕಳಿಗೆ ಮೂವರು ಬೇರೆ ಬೇರೆ ತಾಯಂದಿರು. ಆಡಮ್‌ನ ತಾಯಿ ಎಲಿಜಬೆತ್, ನ್ಯೂ ಇಂಗ್ಲೆಂಡ್ ಕಡೆಯವಳು, ಹೆರಿಗೆಯಾದ ಮೇಲೆ ಹೋದಳು. ಹಾಸ್‌ನ ತಾಯಿ ಇಂಗರ್, ಸ್ವೀಡನ್ ಮೂಲದವಳು, ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಬರುವ ದಾರಿಯಲ್ಲಿ ಸತ್ತಳು. ಜೋನ ತಾಯಿ ಮರೀ, ನ್ಯೂ ಆರ್ಲಿಯನ್ಸ್‌ನವಳು, ಕುದುರೆಯಿಂದ ಬಿದ್ದು ಹೋದಳು. ಮೂವರನ್ನು ಮಣ್ಣು ಮಾಡಿದ ಗಂಡಸು, ಮೂರು ಸೀಮೆಯ ಮಕ್ಕಳನ್ನು ಒಂದೇ ಮೇಜಿಗೆ ಕೂರಿಸಿ ಊಟ ಹಾಕುವ ಕಥೆ ಇದು. ಬಂದೂಕು ಗಿಂದೂಕು ಸುಮ್ನೆ ಮೇಲಿನ ಅಲಂಕಾರ.

ಇದರ ಬೀಜ ನೀವೆಲ್ಲ ಬೈಯುವ ಆ ಮೊದಲ ಎಪಿಸೋಡ್‌ನಲ್ಲೇ ಇದೆ. ಲೋಟಾ, ಮರದ ವ್ಯವಹಾರ ಎಲ್ಲ ಮರೆತುಬಿಡಿ. ಮನೆಯೊಳಗೆ ಆಡಮ್‌ಗೂ ಜೋಗೂ ಒಂದು ಜಗಳ ಹತ್ತುತ್ತದೆ. ದೊಡ್ಡವನು ಅಮೆರಿಕದ ಉತ್ತರ ಸೀಮೆಯವನು, ಚಿಕ್ಕವನು ತಾಯಿಯ ಕಡೆಯಿಂದ ದಕ್ಷಿಣ ಸೀಮೆಯವನು, ಆ ಕಾಲಕ್ಕೆ ಎರಡು ಸೀಮೆಗೂ ಆಗಿಬರುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು ಜೋನ ತಾಯಿಯ ವಿಷಯಕ್ಕೆ ತಾಗುತ್ತದೆ. ಅಲ್ಲಿಗೆ ಕೈ ಮಿಲಾಯಿಸುತ್ತಾರೆ. ಮಲತಾಯಿ ಬಗ್ಗೆ ಹಿರಿಮಗನ ಮನಸ್ಸಿನಲ್ಲಿ ಉಳಿದ ಒಂದು ಮುಳ್ಳು, ತಾಯಿಯ ಹೆಸರು ಎತ್ತಿದರೆ ಉರಿಯುವ ಕಿರಿಮಗ, ಇಬ್ಬರ ಮಧ್ಯೆ ಅಪ್ಪ. ಇಂಥದ್ದನ್ನು ನಾನು ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ನೋಡಿದ್ದೇನೆ. ಅಲ್ಲಿ ಕುದುರೆ ಇರಲಿಲ್ಲ, ಟಿವಿಎಸ್ ಮೊಪೆಡ್ ಇತ್ತು, ಅಷ್ಟೇ ವ್ಯತ್ಯಾಸ. ಭಾವ ಮೊಬೈಲ್ ನೋಡುತ್ತಿದ್ದರು ಅಂತ ಹೇಳಿದೆನಲ್ಲ, ಈ ದೃಶ್ಯವನ್ನೂ ಅವರು ನೆಟ್ಟಗೆ ನೋಡಿದವರಲ್ಲ. ಬರೆದವರಿಗೂ ಇದರ ಬೆಲೆ ಪೂರ್ತಿ ಗೊತ್ತಿದ್ದ ಹಾಗಿಲ್ಲ, ಕೂಡಲೇ ಕಥೆ ಪೇಟೆಗೆ ಓಡುತ್ತದೆ. ಆಮೇಲೆ 1961, 62, 63ರಲ್ಲಿ ವರ್ಷಕ್ಕೊಬ್ಬಳಂತೆ ಆ ಮೂವರು ತಾಯಂದಿರ ಹಳೇ ಕಥೆಗಳನ್ನು ಮಾಡಿದರು. ‘ಎಲಿಜಬೆತ್, ಮೈ ಲವ್’, ‘ಇಂಗರ್, ಮೈ ಲವ್’, ‘ಮರೀ, ಮೈ ಲವ್’. ಶುರು ಮಾಡುವುದಾದರೆ ಅಲ್ಲಿಂದ ಮಾಡಿ.

ಗೃಹಪ್ರವೇಶವಾಗಿ ಎರಡು ವಾರಕ್ಕೆ ಅಕ್ಕ ಫೋನ್ ಮಾಡಿದಾಗ ‘ನಿಮ್ಮ ಅತ್ತೆಗೆ ಕೊಡು’ ಅಂದೆ. ಈ ಮೂವರ ಕಥೆಯನ್ನೂ ನಿಧಾನಕ್ಕೆ ಹೇಳಿದೆ. ಹೂಂಗುಟ್ಟುತ್ತಾ ಕೇಳಿದರು. ಮನೆಯಲ್ಲಿ ಹಾಪ್ ಸಿಂಗ್ ಅಂತ ಚೀನಾ ಅಡುಗೆಯವನಿದ್ದಾನೆ, ಬೈದುಕೊಂಡೇ ಎಲ್ಲರಿಗೂ ಬಡಿಸುತ್ತಾನೆ, ಮೊದಲ ಎಪಿಸೋಡ್‌ನಿಂದಲೂ ಅವನೇ, ಆದರೆ ಟೈಟಲ್ ಬರುವಾಗ ಕುದುರೆ ಏರಿ ಬರುವವರಲ್ಲಿ ಅವನನ್ನು ಸೇರಿಸಿಲ್ಲ ಅಂತಲೂ ಹೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಊಟದ್ದು ಬಿಡಪ್ಪ, ಅವನು ಹಾಕ್ತಾನೆ. ಹಬ್ಬದ ದಿನ ಆ ಮಕ್ಕಳ ತಲೆಗೆ ಎಣ್ಣೆ ಒತ್ತೋರು ಯಾರು?’ ಅಂದರು.