38 ವರ್ಷ ಕಾದ ಊರು

1 ಮೇ 2022, ಭಾನುವಾರ

ನಿನ್ನೆ ರಾತ್ರಿ ಮಲಗುವಾಗ ಎರಡು ಗಂಟೆ ದಾಟಿತ್ತು. ಟರ್ಕಿಯ ಈಶಾನ್ಯ ಮೂಲೆಯಲ್ಲಿ, ಕಪ್ಪು ಸಮುದ್ರದ ದಂಡೆಯಲ್ಲಿರುವ ಟ್ರಾಬ್ಜೋನ್ ನಗರದ ಫುಟ್‌ಬಾಲ್ ಕ್ಲಬ್ ಟ್ರಾಬ್ಜೋನ್‌ಸ್ಪೋರ್ ತನ್ನ ಅಂಗಳದಲ್ಲಿ ಅಂತಾಲ್ಯಾಸ್ಪೋರ್ ತಂಡದೊಡನೆ 2–2ರಲ್ಲಿ ಡ್ರಾ ಮಾಡಿಕೊಂಡು, ಇನ್ನೂ ಮೂರು ಪಂದ್ಯಗಳು ಬಾಕಿ ಇರುವಾಗಲೇ ಲೀಗ್ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಹಿಂದಿನ ಸಲ ಅದು ಲೀಗ್ ಗೆದ್ದದ್ದು 1984ರಲ್ಲಿ. ಆಟ ಮುಗಿದದ್ದೇ ತಡ, ಜನ ಗ್ಯಾಲರಿಗಳಿಂದ ಮೈದಾನಕ್ಕೆ ಇಳಿದುಬಿಟ್ಟರು. ಹಸಿರು ಹುಲ್ಲು ಕಾಣದಷ್ಟು ಜನ. ಆಟಗಾರರು ಎಲ್ಲಿದ್ದಾರೆ, ಅಭಿಮಾನಿಗಳು ಎಲ್ಲಿದ್ದಾರೆ ಎಂಬುದು ತಿಳಿಯದೆ ಕ್ಯಾಮೆರಾ ಅತ್ತಿತ್ತ ಹೊರಳುತ್ತಿತ್ತು. ಡ್ರಾ ಆದ ಪಂದ್ಯಕ್ಕೆ ಇಷ್ಟೊಂದು ಸಂಭ್ರಮವೇ ಎಂದು ಮನೆಯಲ್ಲಿ ಕೇಳಿದರು. ಅದಕ್ಕೆ ಉತ್ತರವಾಗಿ ಹೇಳಬೇಕಾದದ್ದು ಬಹಳವಿತ್ತು, ಆದರೆ ಅದು ಕಥೆ ಹೇಳುವ ಹೊತ್ತಾಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಕ್ಲಬ್ಬಿನ ಗೀಳು ನನಗೆ ಅಂಟಿದ್ದು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾಗ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಟ್ರಾಬ್ಜೋನ್‌ನವನು, ಹುಟ್ಟಿದ್ದು 1985ರಲ್ಲಿ. ಅಂದರೆ ತನ್ನ ತಂಡ ಕೊನೆಯ ಬಾರಿ ಗೆದ್ದ ಮರುವರ್ಷ. ಇದನ್ನು ಅವನು ತನ್ನ ಜಾತಕದ ದೋಷವೆಂಬಂತೆ ಹೇಳಿಕೊಳ್ಳುತ್ತಿದ್ದ. 2014ರಲ್ಲಿ ಅವನ ಜೊತೆ ಒಂದು ವಾರ ಅವನ ಊರಿಗೆ ಹೋಗಿದ್ದೆ. ಬೆಟ್ಟಗಳು ಸಮುದ್ರದ ಬೆನ್ನಿಗೇ ಬಂದು ನಿಂತಂತಿರುವ, ಮಳೆ ಬಿಡದೆ ಸುರಿಯುವ ಊರು ಅದು. ಹೇಝಲ್‌ನಟ್ ಮತ್ತು ಚಹಾ ಅಲ್ಲಿನ ಸೀಮೆಯ ಬೆಳೆಗಳು, ಹಮ್ಸಿ ಎಂಬ ಚಿಕ್ಕ ಮೀನು ಅಲ್ಲಿನ ಜನರ ಪ್ರಾಣ. ಊರಿನ ವಾಹನಗಳ ನೋಂದಣಿ ಸಂಖ್ಯೆ 61ರಿಂದ ಆರಂಭವಾಗುತ್ತದೆ; ಆ ಕಾರಣಕ್ಕೇ ಪಂದ್ಯದ 61ನೇ ನಿಮಿಷ ಬಂದಾಗ ಗ್ಯಾಲರಿಯಲ್ಲಿ ಜನ ಎದ್ದು ಕೂಗು ಹಾಕುತ್ತಾರೆ. ಗೋಲು ಆಗಿರಬೇಕಿಲ್ಲ, ಗಡಿಯಾರ ಅಲ್ಲಿಗೆ ತಲುಪಿದರೆ ಸಾಕು.

ಸಹೋದ್ಯೋಗಿಯ ದೊಡ್ಡಪ್ಪನೊಬ್ಬರು ಕ್ಷೌರದ ಅಂಗಡಿ ಇಟ್ಟುಕೊಂಡಿದ್ದರು. ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ನನಗೆ ಚಹಾ ಕೊಟ್ಟು, ಕ್ಲಬ್ ಹುಟ್ಟಿದ ಕಥೆಯನ್ನು ಅವರು ತಾವಾಗಿಯೇ ತೆಗೆದರು. ಅವರ ಮನೆಯವರೆಲ್ಲ ಇದ್ಮಾನೊಜಾ ಎಂಬ ಹಳೆಯ ಕ್ಲಬ್ಬಿನ ಕಡೆಯವರು. ಅದರ ಬದ್ಧ ವೈರಿ ಇದ್ಮಾನ್‌ಗ್ಯೂಜು. ಇಡೀ ಹೊತ್ತು ಮಾತನಾಡಿದರೂ ಆ ಎರಡನೆಯ ಹೆಸರನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಪ್ರತಿ ಸಲವೂ ಕತ್ತರಿ ಹಿಡಿದ ಕೈಯನ್ನು ಬೀದಿಯ ಕಡೆಗೆ ಚಾಚಿ, "ಆ ಕಡೆಯವರು" ಎನ್ನುತ್ತಿದ್ದರು. ಆ ಎರಡೂ ಕ್ಲಬ್ಬುಗಳು ಒಂದಾಗಿ ಆಗಲೇ ಹತ್ತಿರ ಹತ್ತಿರ ಅರ್ಧ ಶತಮಾನವಾಗಿತ್ತು.

ಟ್ರಾಬ್ಜೋನ್‌ಸ್ಪೋರ್ ಹುಟ್ಟಿದ ಬಗೆ ಅರ್ಥವಾಗಬೇಕಾದರೆ ಈ ವೈರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಟರ್ಕಿಯ ರಾಷ್ಟ್ರೀಯ ಲೀಗ್ 1959ರಲ್ಲಿ ಆರಂಭವಾದಾಗ ಅದು ಇಸ್ತಾಂಬುಲ್, ಅಂಕಾರ, ಇಜ್ಮಿರ್ ಎಂಬ ಮೂರು ಮಹಾನಗರಗಳ ಕೂಟವಾಗಿತ್ತು. 1963ರಲ್ಲಿ ಎರಡನೆಯ ಹಂತದ ಲೀಗ್ ಬಂದಾಗ, ಒಳನಾಡಿನ ಊರುಗಳು ತಮ್ಮ ಪುಟ್ಟ ಪುಟ್ಟ ಕ್ಲಬ್ಬುಗಳನ್ನು ಒಟ್ಟುಗೂಡಿಸಿ ಊರಿನ ಹೆಸರಿನಲ್ಲಿ ಒಂದೇ ತಂಡ ಕಟ್ಟಲಿ ಎಂಬ ಒತ್ತಾಯ ಫೆಡರೇಷನ್ ಕಡೆಯಿಂದ ಬಂತು. ಬುರ್ಸಾಸ್ಪೋರ್, ಎಸ್ಕಿಶೆಹಿರ್‌ಸ್ಪೋರ್, ಕೊಜಾಯೆಲಿಸ್ಪೋರ್ ಎಲ್ಲ ಹೀಗೆ ಹುಟ್ಟಿದವು. ಟ್ರಾಬ್ಜೋನ್‌ನಲ್ಲಿ ಮಾತ್ರ ಮಾತುಕತೆ ಮತ್ತೆ ಮತ್ತೆ ಮುರಿದುಬಿತ್ತು. ಇದ್ಮಾನೊಜಾದ ಬಣ್ಣ ಹಳದಿ–ಕೆಂಪು, ಇದ್ಮಾನ್‌ಗ್ಯೂಜುವಿನದು ಹಸಿರು–ಬಿಳಿ. ಯಾರ ಬಣ್ಣ ಉಳಿಯಬೇಕು ಎಂಬುದೇ ಜಗಳ. 1966ರಲ್ಲಿ ಇದ್ಮಾನೊಜಾವನ್ನು ಬಿಟ್ಟು ಉಳಿದವರು ಒಂದು ತಂಡ ಕಟ್ಟಿದರು, ಅದು ನಿಲ್ಲಲಿಲ್ಲ. ಕೊನೆಗೆ 1967ರ ಆಗಸ್ಟ್ 2ರಂದು ಇದ್ಮಾನೊಜಾ, ಇದ್ಮಾನ್‌ಗ್ಯೂಜು, ಕರಾದೆನಿಜ್‌ಗ್ಯೂಜು, ಮಾರ್ತಿಸ್ಪೋರ್ ಎಂಬ ನಾಲ್ಕು ಕ್ಲಬ್ಬುಗಳು ಸೇರಿ ಇಂದಿನ ಟ್ರಾಬ್ಜೋನ್‌ಸ್ಪೋರ್ ಆಯಿತು. ಆ ಎರಡು ಮನೆತನಗಳಲ್ಲಿ ಯಾರದೂ ಅಲ್ಲದ ಬಣ್ಣವನ್ನು ಆರಿಸಿಕೊಂಡರು: ಬೋರ್ದೊ–ಮಾವಿ, ಎಂದರೆ ಕಡುಗೆಂಪು ಮತ್ತು ನೀಲಿ. ಇಬ್ಬರೂ ಸೋತಾಗಲೇ ರಾಜಿಯಾಗುವ ಪಂಚಾಯಿತಿಗಳನ್ನು ನಾವೂ ಕಂಡಿದ್ದೇವೆ.

ಮೊದಲ ಏಳು ವರ್ಷಗಳನ್ನು ಎರಡನೆಯ ಹಂತದಲ್ಲಿ ಕಳೆದ ತಂಡ 1974ರಲ್ಲಿ ಮೇಲೇರಿತು. ಅಲ್ಲಿಯವರೆಗೆ ರಾಷ್ಟ್ರೀಯ ಲೀಗನ್ನು ಗೆದ್ದದ್ದು ಮೂರೇ ತಂಡಗಳು: ಫೆನೆರ್‌ಬಾಹ್ಚೆ, ಗಲಾತಾಸರಾಯ್, ಬೆಶಿಕ್ತಾಶ್. ಮೂರೂ ಇಸ್ತಾಂಬುಲ್‌ನವು. ಎಸ್ಕಿಶೆಹಿರ್ ಮೂರು ಸಲ ಎರಡನೆಯ ಸ್ಥಾನದವರೆಗೆ ಬಂದು ಹೊಸ್ತಿಲಲ್ಲೇ ನಿಂತಿತ್ತು. ಟ್ರಾಬ್ಜೋನ್ ಮೊದಲ ಋತುವಿನಲ್ಲಿ ನಡುವಿನ ಸ್ಥಾನದಲ್ಲಿ ಮುಗಿಸಿ, ಎರಡನೆಯ ಋತುವಿನಲ್ಲಿ, ಅಂದರೆ 1976ರಲ್ಲಿ, ಚಾಂಪಿಯನ್ ಆಯಿತು. ದುಡ್ಡು ಸುರಿದು ಕೊಂಡು ತಂದ ತಂಡವಲ್ಲ ಅದು. ಬಹುಪಾಲು ಆಟಗಾರರು ಆ ಊರಿನ ಮತ್ತು ಸುತ್ತಲಿನ ಹುಡುಗರು, ತರಬೇತುದಾರ ಅಹ್ಮೆತ್ ಸುವಾತ್ ಓಜ್‌ಯಾಜಿಜಿಯೂ ಅದೇ ಊರಿನವರು. ಅವರ ತರಬೇತಿಯಲ್ಲಿ ನಾಲ್ಕು, ಓಜ್ಕಾನ್ ಸ್ಯೂಮೆರ್ ಅವರ ತರಬೇತಿಯಲ್ಲಿ ಎರಡು, ಹೀಗೆ 1976, 1977, 1979, 1980, 1981 ಮತ್ತು 1984ರಲ್ಲಿ ಆರು ಪ್ರಶಸ್ತಿಗಳು ಬಂದವು. ಈ ಸಾಲಿನ ನಡುವೆ ಬಿಟ್ಟುಹೋದ 1978, 1982, 1983ರಲ್ಲಿಯೂ ತಂಡ ಎರಡನೆಯ ಸ್ಥಾನದಲ್ಲಿತ್ತು. ಒಂಬತ್ತು ವರ್ಷ ಎರಡನೆಯದಕ್ಕಿಂತ ಕೆಳಗಿಳಿಯದೆ ಇರುವುದೆಂದರೆ ಎಂಥದ್ದು ಎಂಬುದನ್ನು ಪಟ್ಟಿ ನೋಡಿದಾಗಲೆಲ್ಲ ನಾನು ಬೆರಳು ಮಡಚಿ ಎಣಿಸುತ್ತೇನೆ. ಎಣಿಕೆ ತಪ್ಪಿರಬೇಕು ಎಂಬ ಅನುಮಾನ ಇನ್ನೂ ಹೋಗಿಲ್ಲ.

ಕ್ಷೌರದಂಗಡಿಯ ದೊಡ್ಡಪ್ಪ ಮಾತ್ರ ಪ್ರಶಸ್ತಿಗಳ ವಿಷಯಕ್ಕೆ ಬರಲಿಲ್ಲ. ಅವರು ಹೇಳಿದ್ದು ಒಂದೇ ಸಂಜೆಯ ಕಥೆ. 1976ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಕಪ್ ಪಂದ್ಯಕ್ಕೆ ಲಿವರ್‌ಪೂಲ್ ತಂಡ ಟ್ರಾಬ್ಜೋನ್‌ಗೆ ಬಂದಿತ್ತು. ಊರಿನ ನಡುವಿನ ಅವ್ನಿ ಆಕೆರ್ ಮೈದಾನದಲ್ಲಿ ಜೆಮಿಲ್ ಉಸ್ತಾ ಹೊಡೆದ ಪೆನಾಲ್ಟಿಯಿಂದ ಟ್ರಾಬ್ಜೋನ್ 1–0ಯಿಂದ ಗೆದ್ದಿತು. ಆ ಆಟಗಾರನಿಗೆ ಜನ ಇಟ್ಟ ಅಡ್ಡಹೆಸರು "ದೋಜೆರ್", ನಮ್ಮ ಬುಲ್‌ಡೋಜರ್. ದೊಡ್ಡಪ್ಪ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು, ಅಂಗಡಿಯ ಬಾಗಿಲಿಂದ ಕನ್ನಡಿಯವರೆಗೆ ನಾಲ್ಕು ಹೆಜ್ಜೆ ಓಡಿ ಬಂದು ಆ ಪೆನಾಲ್ಟಿಯನ್ನು ಒದ್ದು ತೋರಿಸಿದರು. ಎರಡು ವಾರಗಳ ನಂತರ ಲಿವರ್‌ಪೂಲ್‌ನ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಮೊದಲ ಇಪ್ಪತ್ತು ನಿಮಿಷಗಳಲ್ಲೇ ಮೂರು ಗೋಲು ತಿಂದು ಟ್ರಾಬ್ಜೋನ್ ಹೊರಬಿದ್ದದ್ದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ವರ್ಷ ಯುರೋಪಿನ ಕಿರೀಟ ತೊಟ್ಟದ್ದು ಅದೇ ಲಿವರ್‌ಪೂಲ್.

ಈ ಎಲ್ಲ ವರ್ಷಗಳಲ್ಲಿ ಗೋಲು ಕಾದವರು ಶೆನೋಲ್ ಗ್ಯೂನೆಶ್. ಊರಿನವರೇ ಆದ, ಶಿಕ್ಷಕ ವೃತ್ತಿಗೆ ಓದಿದ ಈ ಮನುಷ್ಯ ಆರೂ ಪ್ರಶಸ್ತಿಗಳ ಗೋಲ್‌ಕೀಪರ್. 1978–79ರ ಋತುವಿನಲ್ಲಿ ಅವರು ಸತತವಾಗಿ ಸಾವಿರಕ್ಕೂ ಹೆಚ್ಚು ನಿಮಿಷ ಒಂದು ಗೋಲನ್ನೂ ಬಿಟ್ಟುಕೊಡದೆ ನಿಂತಿದ್ದರು. ಕ್ಲಬ್ಬಿನ ಇತಿಹಾಸವನ್ನು ಒಬ್ಬ ವ್ಯಕ್ತಿಯ ಮೂಲಕ ಹೇಳಬೇಕೆಂದರೆ ಇವರನ್ನು ಬಿಟ್ಟು ಬೇರೆಯವರಿಲ್ಲ. ಯಾಕೆಂದರೆ ಆಮೇಲಿನ ದುಃಖಗಳಿಗೂ ಇವರೇ ಸಾಕ್ಷಿ. ನಮ್ಮ ಭಾಷೆಯಲ್ಲಿ ಕಾವಲಿಗೂ ನಿರೀಕ್ಷೆಗೂ "ಕಾಯುವುದು" ಎಂಬ ಒಂದೇ ಮಾತು ಇರುವುದನ್ನು ಒಮ್ಮೆ ಸಹೋದ್ಯೋಗಿಗೆ ವಿವರಿಸಿದಾಗ, ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಶೆನೋಲ್ ಹೋಜಾ ಕನ್ನಡದವರೇ" ಎಂದಿದ್ದ. ಹೋಜಾ ಎಂದರೆ ಅವರಲ್ಲಿ ಮೇಷ್ಟ್ರು. ತರಬೇತುದಾರರನ್ನು ಹಾಗೆಯೇ ಕರೆಯುತ್ತಾರೆ.

1984ರ ನಂತರ ಕಪ್‌ಗಳು ಬಂದವು, ಯುರೋಪಿನಲ್ಲಿ ಕೆಲವು ಒಳ್ಳೆಯ ರಾತ್ರಿಗಳೂ ಬಂದವು. 1990ರಲ್ಲಿ ಬಾರ್ಸಿಲೋನಾವನ್ನು ಊರಿನಲ್ಲಿ 1–0ಯಿಂದ ಸೋಲಿಸಿ, ಅವರ ಊರಿಗೆ ಹೋಗಿ 7–2ರಿಂದ ಸೋತರು. 1994ರಲ್ಲಿ ಆಸ್ಟನ್ ವಿಲ್ಲಾವನ್ನು ಹೊರಗಟ್ಟಿದರು. ಆದರೆ ಲೀಗ್ ಮಾತ್ರ ಕೈಗೆ ಬರಲಿಲ್ಲ. 1996ರ ಮೇ ತಿಂಗಳಲ್ಲಿ ಅದು ಬಂದೇಬಿಟ್ಟಿತು ಎನ್ನುವಂತಿತ್ತು. ಗ್ಯೂನೆಶ್ ಆಗ ತರಬೇತುದಾರ, ಜಾರ್ಜಿಯಾದ ಶೋತಾ ಅರ್ವೆಲಾಜೆ ಮತ್ತು ಊರ ಮಗ ಹಾಮಿ ಮಂದಿರಾಲಿ ಮುಂಚೂಣಿಯಲ್ಲಿ. ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಟ್ರಾಬ್ಜೋನ್, ಬೆನ್ನಟ್ಟಿ ಬಂದಿದ್ದ ಫೆನೆರ್‌ಬಾಹ್ಚೆಯನ್ನು ತನ್ನ ಅಂಗಳದಲ್ಲೇ ಎದುರಿಸಿತು. ಮೊದಲು ಗೋಲು ಹೊಡೆಯಿತು. ಆಮೇಲೆ ಓಗುಜ್ ಚೆತಿನ್ ಸಮ ಮಾಡಿದರು, ಐಕುತ್ ಕೊಜಾಮಾನ್ ಎರಡನೆಯದನ್ನು ಹೊಡೆದರು. 1–2. ಪ್ರಶಸ್ತಿ ಇಸ್ತಾಂಬುಲ್‌ಗೆ ಹೋಯಿತು. ಆಗ ಹನ್ನೊಂದು ವರ್ಷದವನಾಗಿದ್ದ ನನ್ನ ಸಹೋದ್ಯೋಗಿ ಮರುದಿನ ಶಾಲೆಗೆ ಹೋಗಲಿಲ್ಲವಂತೆ. ಮನೆಯಲ್ಲಿ ಯಾರೂ ಹೋಗು ಎನ್ನಲೂ ಇಲ್ಲವಂತೆ.

ಗ್ಯೂನೆಶ್ ಆಮೇಲೆ ಟರ್ಕಿಯ ರಾಷ್ಟ್ರೀಯ ತಂಡವನ್ನು 2002ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನಕ್ಕೆ ಕೊಂಡೊಯ್ದರು. ಮತ್ತೆ ಊರಿಗೆ ಮರಳಿ ತರಬೇತುದಾರರಾಗಿದ್ದಾಗ, 2010–11ರಲ್ಲಿ, ಎರಡನೆಯ ಪೆಟ್ಟು ಬಿತ್ತು. ಋತು ಮುಗಿದಾಗ ಟ್ರಾಬ್ಜೋನ್‌ಗೆ 82 ಅಂಕ, ಫೆನೆರ್‌ಬಾಹ್ಚೆಗೂ 82 ಅಂಕ; ಸಮಬಲ ಬಿಡಿಸುವ ನಿಯಮದಂತೆ ಪ್ರಶಸ್ತಿ ಫೆನೆರ್‌ಬಾಹ್ಚೆಗೆ ಸಂದಿತು. ಅದಾದ ಕೆಲವೇ ವಾರಗಳಲ್ಲಿ, 2011ರ ಜುಲೈ 3ರಂದು, ಪೊಲೀಸರು ಪಂದ್ಯಗಳ ಮೋಸದಾಟದ ಬಗ್ಗೆ ದೊಡ್ಡ ಕಾರ್ಯಾಚರಣೆ ನಡೆಸಿ ಅನೇಕರನ್ನು ಬಂಧಿಸಿದರು. ಆ ವರ್ಷದ ಯುರೋಪಿನ ಚಾಂಪಿಯನ್ಸ್ ಲೀಗ್‌ನಿಂದ ಫೆನೆರ್‌ಬಾಹ್ಚೆಯನ್ನು ಕೈಬಿಟ್ಟು ಟ್ರಾಬ್ಜೋನ್‌ಗೆ ಅವಕಾಶ ಕೊಡಲಾಯಿತು. ಅಲ್ಲಿನ ಮೊದಲ ಪಂದ್ಯದಲ್ಲಿಯೇ ಅದು ಮಿಲಾನ್‌ಗೆ ಹೋಗಿ ಇಂಟರ್ ತಂಡವನ್ನು 1–0ಯಿಂದ ಸೋಲಿಸಿತು. ಮುಂದೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಫೆನೆರ್‌ಬಾಹ್ಚೆಗೆ ನಿಷೇಧ ವಿಧಿಸಿತು, ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2013ರಲ್ಲಿ ಅದನ್ನು ಎತ್ತಿಹಿಡಿಯಿತು. ಟರ್ಕಿಯ ನ್ಯಾಯಾಲಯದಲ್ಲಿ ಮೊದಲು ಶಿಕ್ಷೆಯಾಗಿ, ಮರುವಿಚಾರಣೆಯಲ್ಲಿ ಫೆನೆರ್‌ಬಾಹ್ಚೆಯ ಅಧ್ಯಕ್ಷರು ಖುಲಾಸೆಯಾದರು. ಆ ಋತುವಿನ ಪ್ರಶಸ್ತಿ ಮಾತ್ರ ದಾಖಲೆಗಳಲ್ಲಿ ಎಲ್ಲಿತ್ತೋ ಅಲ್ಲಿಯೇ ಉಳಿದಿದೆ. ಇದರಲ್ಲಿ ಯಾರು ಸರಿ ಎಂದು ದೂರದಲ್ಲಿ ಕುಳಿತ ನಾನು ತೀರ್ಪು ಕೊಡಲಾರೆ. ಆದರೆ ಟ್ರಾಬ್ಜೋನ್‌ನಲ್ಲಿ ಇದು ಮುಗಿದ ವಿಷಯವಲ್ಲ ಎಂಬುದನ್ನು ನಾನೇ ಕಂಡಿದ್ದೇನೆ: ಅಲ್ಲಿ ನಾನಿದ್ದ ವಾರ ಚಹಾದಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ, ಮೀನಿನ ಮಾರುಕಟ್ಟೆಯಲ್ಲಿ ಯಾರೊಡನೆ ಮಾತು ತೆಗೆದರೂ ಐದು ನಿಮಿಷದಲ್ಲಿ ಅದು 2011ಕ್ಕೆ ಬಂದು ನಿಲ್ಲುತ್ತಿತ್ತು.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಲ ಬೆಳೆಯಿತು. ಹಳೆಯ ಅವ್ನಿ ಆಕೆರ್ ಬಿಟ್ಟು, ಸಮುದ್ರವನ್ನು ತುಂಬಿಸಿ ಪಡೆದ ಜಾಗದಲ್ಲಿ 40,000ಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣಕ್ಕೆ 2016ರ ಕೊನೆಯಲ್ಲಿ ಹೋದರು. ಅದಕ್ಕೆ ಶೆನೋಲ್ ಗ್ಯೂನೆಶ್ ಅವರ ಹೆಸರನ್ನೇ ಇಟ್ಟರು. 2020ರಲ್ಲಿ ಮತ್ತೆ ಪ್ರಶಸ್ತಿಯ ಹತ್ತಿರ ಬಂದು ಬಾಶಾಕ್‌ಶೆಹಿರ್ ಎಂಬ ಇನ್ನೊಂದು ಇಸ್ತಾಂಬುಲ್ ತಂಡಕ್ಕೆ ಸೋತರು. ಮೇಲಾಗಿ, ಹಣಕಾಸಿನ ನಿಯಮಗಳನ್ನು ಪಾಲಿಸದ ಕಾರಣಕ್ಕೆ ಯುರೋಪಿನ ಪಂದ್ಯಾವಳಿಗಳಿಂದ ಒಂದು ವರ್ಷ ಹೊರಗುಳಿಯಬೇಕಾಯಿತು. ಆ ವರ್ಷಾಂತ್ಯದಲ್ಲಿ ಬಂದ ತರಬೇತುದಾರ ಅಬ್ದುಲ್ಲಾ ಅವ್ಜಿ ಹಿಂದೆ ಅದೇ ಬಾಶಾಕ್‌ಶೆಹಿರ್ ತಂಡವನ್ನು ಕಟ್ಟಿ ಬೆಳೆಸಿದವರು, ಇಸ್ತಾಂಬುಲ್‌ನವರು. ನಿನ್ನೆ ಗೆದ್ದ ತಂಡ 1976ರ ಊರ ಹುಡುಗರ ತಂಡದ ಹಾಗಿಲ್ಲ: ಸ್ಲೊವಾಕಿಯಾದ ಹಮ್ಶಿಕ್, ನೈಜೀರಿಯಾದ ನ್ವಾಕಾಯೆಮೆ, ಡೆನ್ಮಾರ್ಕಿನ ಕಾರ್ನೇಲಿಯಸ್, ಗ್ರೀಸ್ ದೇಶದ ಬಕಾಸೇತಾಸ್. ಶತಮಾನದ ಹಿಂದೆ ಗ್ರೀಕರು ದೊಡ್ಡ ಸಂಖ್ಯೆಯಲ್ಲಿ ಬಾಳಿ, ಗ್ರೀಸ್ ಮತ್ತು ಟರ್ಕಿಯ ನಡುವಿನ ಜನಸಂಖ್ಯೆಯ ವಿನಿಮಯದಲ್ಲಿ ಬಿಟ್ಟುಹೋದ ಊರಿನಲ್ಲಿ ಗ್ರೀಕ್ ಆಟಗಾರನ ಹೆಸರನ್ನು ಸಾವಿರಾರು ಜನ ಒಕ್ಕೊರಲಿನಿಂದ ಕೂಗುವುದನ್ನು ಈ ಋತುವಿನಲ್ಲಿ ಹಲವು ಸಲ ಕೇಳಿದೆ. ನಾಯಕನ ಪಟ್ಟಿ ಮಾತ್ರ ಕ್ಲಬ್ಬಿನಲ್ಲಿಯೇ ಬೆಳೆದ ಹುಡುಗನ ತೋಳಿನಲ್ಲಿತ್ತು. ಅವನ ಹೆಸರು ಊರ್ಜಾನ್ ಚಾಕಿರ್, ಅವನೂ ಗೋಲ್‌ಕೀಪರ್.

ಬೆಳಿಗ್ಗೆ ಎದ್ದಾಗ ಫೋನಿನಲ್ಲಿ ಸಹೋದ್ಯೋಗಿಯ ಧ್ವನಿ ಸಂದೇಶವಿತ್ತು. ಟಿಕೆಟ್ ಸಿಗದಿದ್ದರೂ ಜರ್ಮನಿಯಿಂದ ಊರಿಗೆ ಹೋಗಿದ್ದಾನೆ. ನಾಲ್ಕು ನಿಮಿಷಗಳಲ್ಲಿ ಮೂರು ನಿಮಿಷ ಬರೀ ಕಾರಿನ ಹಾರ್ನುಗಳು, ಎಲ್ಲೋ ಒಂದು ಕೆಮೆಂಚೆ ಎಂಬ ವಾದ್ಯದ ಕಿರುಗುಟ್ಟುವ ತಂತಿ, ಯಾರೋ ಅಳುತ್ತಿರುವ ಸದ್ದು. ಕೊನೆಗೆ ಅವನ ಗಂಟಲು ಕಟ್ಟಿದ ದನಿ. ನಾನು ರಾತ್ರಿಯೇ "ಏಳನೆಯ ಪ್ರಶಸ್ತಿಗೆ ಅಭಿನಂದನೆ" ಎಂದು ಬರೆದು ಕಳಿಸಿದ್ದೆ. ಅದಕ್ಕೆ ಅವನ ಉತ್ತರ: "ಅಬಿ (ಅಣ್ಣಾ), ಎಂಟು. 2011ನ್ನು ಸೇರಿಸಿ ಎಣಿಸು."