ಭಟ್ಟಿ ಬೆಳಕಲ್ಲಿ ಫಿಫ್ಟಿಯ ಹಠ

ಭಟ್ಟಿಯಲ್ಲಿ ನನ್ನ ಕ್ಯಾಮೆರಾದ ಫೋಕಸ್ಸನ್ನು ಪ್ರತಿ ಸಲ ತಪ್ಪಿಸುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ. ಲೆನ್ಸೂ ಅಲ್ಲ, ಬಾಡಿಯೂ ಅಲ್ಲ. ಬೆಳಕು!

ಸೆಟಪ್ಪು ಹಳೆಯದೇ. ಕ್ಯಾನನ್ 450ಡಿ ಕ್ಯಾಮೆರಾ, ಅದರ ಮೇಲೆ ಸೆಕೆಂಡ್ ಹ್ಯಾಂಡ್ ಇಎಫ್ 50 ಎಂಎಂ ಎಫ್/1.8 ಮಾರ್ಕ್ ಟು ಲೆನ್ಸು, ಅದೇ ಈ ಫಿಫ್ಟಿ. 1990ರ ಮಾಡೆಲ್ಲು, ಬಾಡಿಗೆ ಕೂರುವ ಮೌಂಟೂ ಪ್ಲಾಸ್ಟಿಕ್ಕು, ತೂಕ 130 ಗ್ರಾಂ, ಫೋಕಸ್ ಹುಡುಕುವಾಗ ಮಾಡುವ ಸದ್ದು ಮಾತ್ರ ಪಕ್ಕದ ಮನೆಗೂ ಕೇಳುತ್ತೆ. ಮಾರಿದ ಪುಣ್ಯಾತ್ಮ ‘ಹೊಸದರಂತಿದೆ’ ಎಂದಿದ್ದ. ಅಂಚಿನಲ್ಲಿ ಫಂಗಸ್ಸೂ ಹೊಸದಾಗೇ ಇತ್ತು, ಫ್ರೆಶ್ಶು. ಫೋಟೋದಲ್ಲಿ ಕಾಣಲ್ಲ, ಹಾಗಾಗಿ ಜಗಳಕ್ಕೆ ಹೋಗಲಿಲ್ಲ.

ಕಾಟ ಶುರುವಾಗಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ. ಒಳಗೆ ಒಲೆಯ ಬೆಂಕಿ, ಮೇಲೊಂದು ಹಳದಿ ಬಲ್ಬು, ನಡುವೆ ಹೊಗೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನೋ ಲೆಕ್ಕ) 1600, ಅಂದರೆ ಈ ಬಾಡಿಯ ಕೊನೇ ಮೆಟ್ಟಿಲು. ಅಲ್ಲಿ ಲೆನ್ಸಿನ ಕಿಂಡಿ (ಅಪರ್ಚರ್) ಪೂರ್ತಿ ತೆರೆದು ಎಫ್/1.8ಗೆ ಇಟ್ಟರೆ ಶಟರ್ ಸ್ಪೀಡು 1/100 ಸೆಕೆಂಡ್ ಸಿಗುತ್ತೆ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ ಸಣ್ಣ ಕಿಂಡಿ 5.6ಗೆ ಇಳಿದರೆ 1/10. ಕಾದ ಮರಳಿನಿಂದ ಅರಳಿದ ಮಂಡಕ್ಕಿಯನ್ನು ಜರಡಿಗೆ ಎತ್ತಿ ಅಲ್ಲಾಡಿಸುವವನ ಕೈ 1/10ಕ್ಕೆ ನಿಲ್ಲುತ್ತಾ? ಹಾಗಾಗಿ ಫಿಫ್ಟಿಯೇ ಗತಿ.

ಆದರೆ ಫೋಕಸ್ ಅವನ ಕಣ್ಣಿಗೆ ಹಿಡಿದರೆ ಬಿದ್ದದ್ದು ಮುಂದಿನ ಜರಡಿಗೆ. ತಂತಿಯ ಹೆಣಿಗೆ, ಅದಕ್ಕೆ ಸಿಕ್ಕಿಕೊಂಡ ಒಂದು ಕಾಳು, ಎಲ್ಲ ಎಣಿಸುವಷ್ಟು ಸ್ಪಷ್ಟ. ಹಿಂದೆ ಮುಖ ಮಾತ್ರ ಬೆಣ್ಣೆ. ಪ್ರತಿ ಸಲವೂ ಹೀಗೇ, ಯಾವಾಗಲೂ ಮುಂದಕ್ಕೇ. ಒಂದೂವರೆ ಮೀಟರ್ ದೂರದಲ್ಲಿ 1.8ಗೆ ಸಿಗುವ ಡೆಪ್ತು, ಅಂದರೆ ಸ್ಪಷ್ಟವಾಗಿ ಕಾಣುವ ಆಳ, ಹತ್ತಿರ ಹತ್ತಿರ 6 ಸೆಂಟಿಮೀಟರ್. ಅದರಲ್ಲಿ ತಪ್ಪಿದರೆ ಮಾಫಿಯಿಲ್ಲ.

ಮನೆಗೆ ಬಂದು ಕಿಟಕಿ ಪಕ್ಕ ಸ್ಕೇಲು ಓರೆಯಾಗಿಟ್ಟು ಟೆಸ್ಟ್ ಮಾಡಿದರೆ? ಗೆರೆ ಮೇಲೆ ಗೆರೆ, ಪಕ್ಕಾ. ಭಟ್ಟಿಗೆ ಹೋದರೆ ಮತ್ತೆ ಜರಡಿ. ಸರ್ವೀಸಿಗೆ ಕೊಟ್ಟೆ. ‘ಲೆನ್ಸ್ ಓಕೆ’ ಅಂತ ಒಂದು ಚೀಟಿ, ಅದಕ್ಕಿಂತ ದೊಡ್ಡ ಬಿಲ್ಲು. ಈ ಬಾಡಿಯಲ್ಲಿ ಮೈಕ್ರೋ ಅಡ್ಜಸ್ಟ್‌ಮೆಂಟೂ ಇಲ್ಲ, ಫೋಕಸ್ಸಿನ ತಪ್ಪನ್ನು ನಾವೇ ತಿದ್ದಿ ಒಂದು ಕೈ ನೋಡೋಣ ಅನ್ನಲು.

ಗುಟ್ಟು ಬಯಲಾಗಿದ್ದು ದೇವರ ಮನೆಯಲ್ಲಿ. ಅಲ್ಲಿನ್ನೂ ಹಳೇ ಬುರುಡೆ ಬಲ್ಬು ಉಳಿದಿದೆ. ಅದರ ಕೆಳಗೆ ಅದೇ ಸ್ಕೇಲು, ಅದೇ ಟ್ರೈಪಾಡು: ಫೋಕಸ್ ಮುಂದೆ! ಬಲ್ಬ್ ಆರಿಸಿ ಬಿಳಿ ಎಲ್‌ಇಡಿ ಟಾರ್ಚ್ ಬಿಟ್ಟೆ: ಗೆರೆಗೆ ಸರಿಯಾಗಿ. ಮತ್ತೆ ಬಲ್ಬು: ಮುಂದೆ. ಅದೇ ಬಲ್ಬಿಗೆ ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡುವುದು) ಹಾಕಿ, 10 ಪಟ್ಟು ಹಿಗ್ಗಿಸಿ, ಕೈಯಲ್ಲೇ ಫೋಕಸ್ ತಿರುಗಿಸಿದರೆ ಸರಿ. ಅಮ್ಮ ಬಂದು, ‘ದೇವ್ರ ಮುಂದೆ ಸ್ಕೇಲ್ ಇಟ್ಟು ಏನ್ ಪೂಜೆನಪಾ ಇದು’ ಅಂದರು.

ಲೈವ್ ವ್ಯೂನಲ್ಲಿ ನೋಡುವುದು ಫೋಟೋ ತೆಗೆಯುವ ಸೆನ್ಸರ್ರೇ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಹಾಗಲ್ಲ. ಮುಖ್ಯ ಕನ್ನಡಿಯ ನಡುವಿನಿಂದ ನುಸುಳಿದ ಬೆಳಕು ಹಿಂದಿನ ಮರಿ ಕನ್ನಡಿಗೆ ಬಡಿದು, ತಳದಲ್ಲಿರುವ ಬೇರೆಯದೇ ಫೋಕಸ್ ಸೆನ್ಸರಿಗೆ ಹೋಗುತ್ತೆ. ಕೆಂಪು ಬೆಳಕು ಗಾಜಿನಲ್ಲಿ ಕಡಿಮೆ ಬಾಗಿ, ಹಸಿರಿಗಿಂತ ಸ್ವಲ್ಪ ಹಿಂದೆ ಹೋಗಿ ಕೂಡುತ್ತೆ. ಬೆಂಕಿ, ಬುರುಡೆ ಬಲ್ಬು ಎರಡರಲ್ಲೂ ಕೆಂಪೇ ಜಾಸ್ತಿ. ಫೋಕಸ್ ಸೆನ್ಸರ್ ಆ ಕೆಂಪನ್ನು ನಂಬಿ ಲೆನ್ಸ್ ನಿಲ್ಲಿಸಿದರೆ ಉಳಿದ ಬಣ್ಣಕ್ಕೆ ಅದು ಮುಂದಾಯಿತು. 5.6ರ ದೊಡ್ಡ ಡೆಪ್ತಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತೆ, 1.8 ಮಾನ ಕಳೆಯುತ್ತೆ. ಕ್ಯಾನನ್‌ನವರು 2009ರ 7ಡಿ ಕ್ಯಾಮೆರಾದಲ್ಲಿ ಬಣ್ಣವನ್ನೂ ಓದುವ ಬೆಳಕಿನ ಮೀಟರ್ ಇಟ್ಟು, ಆ ಮಾಹಿತಿಯನ್ನು ಫೋಕಸ್ ತಿದ್ದಲೂ ಬಳಸಿದರು. ನನ್ನ 450ಡಿ 2008ರದ್ದು. ಒಂದೇ ವರ್ಷ, ನೋಡ್ರಿ ಹಣೆಬರಹ.

ಈಗಿನ ಉಪಾಯ: ಫೋಕಸ್ಸನ್ನು ಶಟರ್ ಬಟನ್ನಿನಿಂದ ಬಿಡಿಸಿ ಹಿಂದಿನ ನಕ್ಷತ್ರದ ಬಟನ್ನಿಗೆ ಹಾಕಿದ್ದೇನೆ. ನಡುವಿನ ಪಾಯಿಂಟ್ ಮಾತ್ರ. ಟಾರ್ಚ್ ಬಿಡು, ಫೋಕಸ್ ಹಿಡಿ, ಟಾರ್ಚ್ ಆರಿಸು, ಕ್ಲಿಕ್ಕು. ಮೊನ್ನೆ ಭಟ್ಟಿಯಲ್ಲಿ ರೆಪ್ಪೆಗೆ ಕೂತ ಬೂದಿ ಕೂಡ ಬಂತು. ‘ಕಣ್ಣಿಗ್ ಬಿಡಬ್ಯಾಡ್ರಿ ಸಾರ್, ಕೈ ಸುಟ್ಕೊಂತೀನಿ’ ಅಂದ ಆತ. ನ್ಯಾಯವೇ. ಈಗ ಬೆಳಕು ಬಿಡುವುದು ಅಷ್ಟೇ ದೂರದಲ್ಲಿರುವ ಅಂಗಿಯ ಗುಂಡಿಗೆ. ಆಮೇಲೆ ಆತ ಒಂದು ಹೆಜ್ಜೆ ಸರಿದರೆ ಎಲ್ಲ ಮೊದಲಿಂದ.

ಈ ಮಧ್ಯೆ ಮಂಡಕ್ಕಿಯ ಒಂದೇ ಕಾಳಿನ ಮ್ಯಾಕ್ರೋ, ಅಂದರೆ ತೀರಾ ಹತ್ತಿರದ ಫೋಟೋ, ತಲೆಗೆ ಹೊಕ್ಕಿದೆ. ಫಿಫ್ಟಿಯನ್ನೇ ತಿರುಗಿಸಿ ಹಾಕಿದರೆ ಕಾಳು ಸೆನ್ಸರಿನ ಮೇಲೆ ಸುಮಾರು ಅದರ ನಿಜ ಗಾತ್ರದಲ್ಲೇ ಮೂಡುತ್ತೆ. ಅಪರ್ಚರ್ 8ಕ್ಕಿಟ್ಟು, ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಹಿಡಿದೇ ಲೆನ್ಸ್ ಕಳಚಿದರೆ ಕಿಂಡಿಯ ಬ್ಲೇಡುಗಳು ಅಲ್ಲೇ ನಿಲ್ಲುತ್ತವೆ. ಬೇಕಾಗಿರೋದು ಲೆನ್ಸನ್ನು ತಿರುಗಿಸಿ ಬಾಡಿಗೆ ಕೂರಿಸುವ, ಫಿಫ್ಟಿಯ ಬಾಯಿಗೆ ಹೊಂದುವ 52 ಎಂಎಂ ರಿವರ್ಸ್ ರಿಂಗು. ಆನ್‌ಲೈನಿನವ ಕಳಿಸಿದ್ದು 58. ವಾಪಸ್ ಮಾಡಿದೆ, ಬದಲಿ ಬಂತು, ಅದೂ 58. ಪಿ.ಬಿ. ರೋಡಿನ ಅಂಗಡಿಯಲ್ಲಿ ಕೇಳಿದರೆ ‘ಬೆಂಗಳೂರಿಂದ ತರಿಸ್ಬೇಕು ಸಾರ್, ಮುಂದಿನ ವಾರ’. ಆ ಮುಂದಿನ ವಾರ ಇನ್ನೂ ಬಂದಿಲ್ಲ. 52ರಿಂದ 58ಕ್ಕೆ ಹೋಗುವ ಸ್ಟೆಪ್ ಅಪ್ ರಿಂಗ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಹೇಳಿ, ಈ 58ನ್ನೇ ಅದಕ್ಕೆ ಜೋಡಿಸಿ ಕೆಲಸ ಶುರು ಮಾಡ್ತೀನಿ.