‘ಕುಂಗ್ ಫೂ ಹಸಲ್’ ನೋಡುತ್ತಾ ಅರ್ಧ ಜನ ಯಾಕೆ ಎದ್ದು ಹೋಗ್ತಾರೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸಣ್ಣ ಹಾಲ್‌ಗಳಲ್ಲಿ ಸಿನಿಮಾ ತೋರಿಸುವವರು, ಕರಾಟೆ ಕ್ಲಾಸ್ ನಡೆಸುವವರು, ರಜೆಯಲ್ಲಿ ಮಕ್ಕಳ ಜೊತೆ ಕೂತು ನೋಡೋಣ ಅಂದುಕೊಂಡವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ಕುಂಗ್ ಫೂ ಹಸಲ್’ ತೋರಿಸಬಹುದಾ? ಇದಕ್ಕಿಂತ ಒಳ್ಳೆಯ ಹೊಡೆದಾಟದ ಹಾಸ್ಯಚಿತ್ರ ಇಲ್ಲ ಅಂತ ಕೆಲವರು ಹೇಳ್ತಾರೆ, ಇನ್ನು ಕೆಲವರು ಅರ್ಧ ಗಂಟೆಗೇ ಚಪ್ಪಲಿ ಹುಡುಕ್ತಾರಲ್ಲ, ಯಾಕೆ?

ದೊಡ್ಡವರಿಗಾದರೆ ಖಂಡಿತ ತೋರಿಸಿ. ಮಕ್ಕಳ ವಿಷಯ ಕೊನೆಗೆ ಬರುತ್ತದೆ. ಎದ್ದು ಹೋಗುವವರಿಗೆ ರಸಜ್ಞತೆ ಇಲ್ಲ ಅಂತ ಹೇಳುವುದು ಸರಿಯಲ್ಲ, ಅವರ ಬೇಸರಕ್ಕೆ ಚಿತ್ರದೊಳಗೇ ಸ್ಪಷ್ಟ ಕಾರಣಗಳಿವೆ.

ಮೊದಲು ಚಿತ್ರದ ಪರಿಚಯ. 2004ರ ಹಾಂಗ್‌ಕಾಂಗ್ ಚಿತ್ರ, ಕ್ಯಾಂಟನೀಸ್ ಭಾಷೆಯದು, ಸುಮಾರು 99 ನಿಮಿಷ. ನಿರ್ದೇಶನ, ನಿರ್ಮಾಣ, ಮುಖ್ಯಪಾತ್ರ ಮೂರೂ ಸ್ಟೀಫನ್ ಚೌ ಅವರದು, ಚಿತ್ರಕಥೆಯಲ್ಲೂ ಅವರ ಕೈ ಇದೆ. ಹಳೆಯ ಶಾಂಘೈ, ಅಲ್ಲೊಂದು ಬಡವರ ವಠಾರ. ಊರನ್ನು ಕೊಡಲಿ ಗ್ಯಾಂಗ್ ಆಳುತ್ತಿದ್ದರೂ ಈ ವಠಾರದಲ್ಲಿ ಕಿತ್ತುಕೊಳ್ಳುವಂಥದ್ದು ಏನೂ ಇಲ್ಲದ್ದರಿಂದ ಯಾರೂ ಇತ್ತ ತಲೆ ಹಾಕಿರುವುದಿಲ್ಲ. ಸಿಂಗ್ ಎಂಬ ಪುಡಿ ರೌಡಿ ಗ್ಯಾಂಗಿನವನಂತೆ ನಟಿಸಿ ಇಲ್ಲಿ ದುಡ್ಡು ಕೀಳಲು ಬರುತ್ತಾನೆ. ಅವನ ಕಿತಾಪತಿಯಿಂದ ನಿಜವಾದ ಗ್ಯಾಂಗೇ ಬಂದಿಳಿಯುತ್ತದೆ. ಆಗ ಗೊತ್ತಾಗುತ್ತದೆ, ವಠಾರದ ಹಮಾಲಿ, ಟೇಲರ್, ತಿಂಡಿ ಮಾಡುವವನು ಮೂವರೂ ಕೈ ಪಳಗಿದ ಕುಂಗ್ ಫೂ ಗುರುಗಳೆಂದು. ಬಾಡಿಗೆಗಾಗಿ ಎಲ್ಲರನ್ನೂ ಗದರಿಸುವ ಓನರಮ್ಮ ಮತ್ತು ಅವಳ ಪುಕ್ಕಲು ಗಂಡ ಅವರಿಗಿಂತಲೂ ಮೇಲಿನವರು.

ಒಡಕು ಶುರುವಾಗುವುದು ಮೊದಲ ಹತ್ತು ನಿಮಿಷದಲ್ಲೇ. ಪೊಲೀಸ್ ಠಾಣೆಯಲ್ಲಿ ದರ್ಪ ತೋರಿಸಿದ ಒಬ್ಬ ಗ್ಯಾಂಗ್ ನಾಯಕ ಹೊರಗೆ ಬಂದರೆ ಬೀದಿ ಖಾಲಿ. ಕೊಡಲಿ ಗ್ಯಾಂಗ್ ಅವನನ್ನು ಕಡಿದು ಹಾಕುತ್ತದೆ. ಹೆಂಗಸರನ್ನು ತಾನು ಕೊಲ್ಲುವುದಿಲ್ಲ ಎಂದು ಅವನ ಹೆಂಡತಿಯನ್ನು ಕಳಿಸಿಕೊಡುವ ಮುಖಂಡ, ಅವಳು ನಾಲ್ಕು ಹೆಜ್ಜೆ ನಡೆದ ಮೇಲೆ ಹಿಂದಿನಿಂದ ಗುಂಡು ಹೊಡೆಯುತ್ತಾನೆ. ಅದರ ಬೆನ್ನಿಗೇ ಕೋಟು, ಹ್ಯಾಟು ತೊಟ್ಟ ರೌಡಿಗಳ ಕುಣಿತ. ಈ ಹತ್ತು ನಿಮಿಷ ನೋಡಿದವನು ಇದು ಕ್ರೂರವಾದ ಗ್ಯಾಂಗ್ ಚಿತ್ರ ಎಂದು ಸಿದ್ಧನಾಗುತ್ತಾನೆ. ಆಮೇಲೆ ಬರುವುದು ಕಾರ್ಟೂನ್. ಸಿಂಗ್ ಮತ್ತು ಅವನ ದಡೂತಿ ಗೆಳೆಯ ಓನರಮ್ಮನತ್ತ ಚಾಕು ಎಸೆಯಲು ಹೋದರೆ ಚಾಕುಗಳು ಒಂದೊಂದಾಗಿ ಸಿಂಗ್‌ನ ಮೈಗೇ ನೆಡುತ್ತವೆ, ಹಾವುಗಳು ಅವನ ತುಟಿಗೆ ಕಚ್ಚುತ್ತವೆ. ಓನರಮ್ಮ ಅಟ್ಟಿಸಿಕೊಂಡು ಬರುವಾಗ ಇಬ್ಬರ ಕಾಲೂ ಚಕ್ರದಂತೆ ತಿರುಗುತ್ತವೆ. ಒಂದು ಕಡೆ ಸತ್ತವರು ನಿಜಕ್ಕೂ ಸಾಯುತ್ತಾರೆ, ಇನ್ನೊಂದು ಕಡೆ ಮೂರು ಚಾಕು ನೆಟ್ಟವನು ಮರುದಿನ ಓಡಾಡುತ್ತಾನೆ. ಈ ಎರಡು ಲೋಕಗಳ ನಡುವೆ ಸ್ಟೀಫನ್ ಚೌ ಸೇತುವೆ ಕಟ್ಟುವುದೇ ಇಲ್ಲ. ನಗಬೇಕೋ ಮರುಗಬೇಕೋ ಎಂದು ಚಿತ್ರ ಹೇಳಲಿ ಎಂದು ಕಾಯುವವರಿಗೆ ಇದು ಸುಸ್ತು ಮಾಡುತ್ತದೆ.

ಇದರ ತುತ್ತತುದಿ ತಿಂಡಿಯವನ ಸಾವು. ಇಬ್ಬರು ಕೊಲೆಗಾರರು ಉದ್ದನೆಯ ತಂತಿವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೀಟುತ್ತಾರೆ, ನಾದವೇ ಕತ್ತಿಯಾಗಿ ಹಾರುತ್ತದೆ. ಎಲ್ಲರಿಗೂ ವಿದಾಯ ಹೇಳಿ ವಠಾರ ಬಿಟ್ಟು ಹೊರಟ ಹಮಾಲಿಯ ತಲೆ ಉರುಳುತ್ತದೆ. ಟೇಲರ್ ಬೀಳುತ್ತಾನೆ. ತಿಂಡಿಯವನು ಸಾಯುವ ಹೊತ್ತಿಗೆ ಕೊನೆಯ ಮಾತನ್ನು ಇಂಗ್ಲಿಷಿನಲ್ಲಿ ಆಡುತ್ತಾನೆ, ಕೇಳುತ್ತಿರುವವರಿಗೆ ಅದು ಅರ್ಥವಾಗುವುದಿಲ್ಲ. ಹಾಲ್ ಇಬ್ಭಾಗವಾಗುವುದು ಇಲ್ಲೇ. ನಕ್ಕವರು ಉಳಿಯುತ್ತಾರೆ, ಸಾವಿನ ಹೊತ್ತಿನಲ್ಲಿ ಇದೇನು ತಮಾಷೆ ಎಂದವರು ಏಳುತ್ತಾರೆ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ಇದಕ್ಕಿಂತ ದಿಟ್ಟ ಗಳಿಗೆ ಇಲ್ಲ. ಆ ತಮಾಷೆಯಿಂದ ಸಾವು ಹಗುರಾಗುವುದಿಲ್ಲ. ಅವನ ಬಾಯಿಂದ ಹೊರಟ ಕೊನೆಯ ಮಾತೂ ಸೇರಬೇಕಾದವರನ್ನು ಸೇರಲಿಲ್ಲ ಎಂಬುದು ನಕ್ಕ ಮೇಲೆ ಚುಚ್ಚುತ್ತದೆ.

ಎರಡನೆಯ ಕಾರಣ ಹೀರೋ. ನಮ್ಮಲ್ಲಿ ಹೀರೋ ಎಂಟ್ರಿಗೆ ಶಿಳ್ಳೆ ಹೊಡೆದು ಅಭ್ಯಾಸ. ಇಲ್ಲಿ ಪೋಸ್ಟರಿನಲ್ಲಿರುವ ಸಿಂಗ್ ಸುಳ್ಳುಗಾರ, ಅಂಜುಬುರುಕ. ತನಗೆ ಹಿಂದೊಮ್ಮೆ ಒಳ್ಳೆಯದು ಬಯಸಿದ ಮೂಕ ಹುಡುಗಿಯ ಐಸ್‌ಕ್ರೀಮ್ ಗಾಡಿಯಿಂದಲೇ ದುಡ್ಡು ದೋಚುತ್ತಾನೆ. ಕೊನೆಯ ಭಾಗ ಬರುವ ತನಕ ಒಂದು ನೆಟ್ಟಗಿನ ಹೊಡೆತ ಕೊಡುವುದಿಲ್ಲ. ಹೊಡೆದಾಟವನ್ನು ಹೊತ್ತು ನಡೆಸುವವರು ವಯಸ್ಸಾದವರು, ಹೊಟ್ಟೆ ಬಂದವರು, ಬನಿಯನ್ ಹಾಕಿದವರು. ಚಿತ್ರದ ಜೀವ ವಠಾರದಲ್ಲಿದೆ, ಸಿಂಗ್‌ನಲ್ಲಿ ಅಲ್ಲ. ಇದನ್ನು ಮೊದಲೇ ಹೇಳಿ ಕೂರಿಸಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ಹಾಂಗ್‌ಕಾಂಗಿನವರಿಗೆ ವಠಾರದ ಕಥೆ ಹೊಸದೂ ಅಲ್ಲ. 1973ರಲ್ಲಿ ಚೋರ್ ಯುಯೆನ್ ಮಾಡಿದ ‘ದಿ ಹೌಸ್ ಆಫ್ 72 ಟೆನೆಂಟ್ಸ್’ ಅಲ್ಲಿ ದೊಡ್ಡ ಯಶಸ್ಸು ಕಂಡಿತ್ತು. ಬಾಡಿಗೆ, ನೀರಿನ ನಲ್ಲಿ, ಓನರಮ್ಮನ ಬೈಗುಳ ಎಲ್ಲ ಆ ಸಾಲಿನಿಂದ ಬಂದದ್ದು.

ಓನರಮ್ಮನ ಪಾತ್ರ ಮಾಡಿದ ಯುಯೆನ್ ಚ್ಯೂ, ಗಂಡನ ಪಾತ್ರ ಮಾಡಿದ ಯುಯೆನ್ ವಾ ಇಬ್ಬರೂ ಯು ಜಿಮ್-ಯುಯೆನ್ ಎಂಬ ಗುರುವಿನ ಪೀಕಿಂಗ್ ಒಪೆರಾ ಶಾಲೆಯವರು. ಜಾಕಿ ಚಾನ್, ಸ್ಯಾಮೊ ಹಂಗ್ ಪಳಗಿದ್ದೂ ಅಲ್ಲೇ. ‘ಎಂಟರ್ ದಿ ಡ್ರಾಗನ್’ (1973) ಚಿತ್ರದಲ್ಲಿ ಬ್ರೂಸ್ ಲೀಗೆ ಡ್ಯೂಪ್ ಆಗಿ ಲಾಗ ಹಾಕಿದ್ದು ಇದೇ ಯುಯೆನ್ ವಾ. ಯುಯೆನ್ ಚ್ಯೂ ಬಹಳ ವರ್ಷ ತೆರೆಯಿಂದ ದೂರವಿದ್ದು ಈ ಪಾತ್ರಕ್ಕಾಗಿ ಮರಳಿದರು. ಟೇಲರ್ ಪಾತ್ರದ ಚಿಯು ಚಿ-ಲಿಂಗ್ ನಿಜವಾಗಿ ಹಂಗ್ ಗಾ ಎಂಬ ಕುಂಗ್ ಫೂ ಪದ್ಧತಿಯ ಗುರು. ಅವರು ಮುಂಗೈಗೆ ಕಬ್ಬಿಣದ ಬಳೆ ತೊಟ್ಟು ಹೊಡೆಯುವುದು ಕಟ್ಟುಕಥೆಯಲ್ಲ, ಆ ಪದ್ಧತಿಯಲ್ಲಿ ಬಳೆ ತೊಟ್ಟೇ ಸಾಧನೆ ಮಾಡುತ್ತಾರೆ. ಹಮಾಲಿಯಾದ ಶಿಂಗ್ ಯು ಕುಂಗ್ ಫೂಗೆ ಹೆಸರಾದ ಶಾವೊಲಿನ್ ಮಠದಲ್ಲಿ ಕಲಿತವರು. ಹೀಗಾಗಿ ಕಾರ್ಟೂನಿನಂತೆ ಕಾಣುವ ದೃಶ್ಯದೊಳಗೂ ನಿಲುವು, ಸೊಂಟದ ತಿರುವು, ಪಾದ ಊರುವ ಜಾಗ ಎಲ್ಲ ಸಾಚಾ.

ಕರಾಟೆ ಕಲಿಯುವವರು ನೋಡಬೇಕಾದ್ದು ಅದನ್ನೇ. ಹಗ್ಗ ಕಟ್ಟಿ ಹಾರಿಸುವ ಹೊಡೆದಾಟದಲ್ಲಿ ತಂತಿ ಬಿಗಿಯುವುದು ಸೊಂಟದ ಎರಡು ಪಕ್ಕಕ್ಕೆ. ನಟ ಹೊಟ್ಟೆಯನ್ನು ಬಿಗಿಹಿಡಿಯದಿದ್ದರೆ ಕಾಲುಗಳು ಜೋತುಬಿದ್ದು, ಯಾರೋ ಮೇಲಿಂದ ಎತ್ತಿದರು ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹಮಾಲಿ ಒದೆಯುವಾಗ ಒದೆಯದ ಕಾಲನ್ನು ನೋಡಿ, ಅದು ಸಡಿಲವಾಗುವುದಿಲ್ಲ. ಹೊಡೆತ ಬಿದ್ದಾಗ ಬಟ್ಟೆಯಿಂದ ಏಳುವ ಧೂಳು ಹಾಂಗ್‌ಕಾಂಗ್ ಸ್ಟಂಟಿನವರ ಹಳೆಯ ಉಪಾಯ, ಬಟ್ಟೆಗೆ ಮೊದಲೇ ಪುಡಿ ಉದುರಿಸಿರುತ್ತಾರೆ. ಸೆಕೆಂಡಿಗೆ 24ರ ಬದಲು 22 ಫ್ರೇಮಿನಲ್ಲಿ ಚಿತ್ರೀಕರಿಸಿ ವೇಗವನ್ನು ಕೊಂಚ ಹೆಚ್ಚಿಸುವುದೂ ಆ ನಾಡಿನ ರೂಢಿ. ಅದಕ್ಕಿಂತ ಕೆಳಗಿಳಿದರೆ ನಡಿಗೆ ಗೊಂಬೆಯದಾಗುತ್ತದೆ. ಈ ಚಿತ್ರದ ಹೊಡೆದಾಟವನ್ನು ಸ್ಯಾಮೊ ಹಂಗ್ ಶುರುಮಾಡಿ ಮಧ್ಯದಲ್ಲಿ ಬಿಟ್ಟರು, ಮುಂದುವರಿಸಿದ್ದು ಯುಯೆನ್ ವೂ-ಪಿಂಗ್.

ಮಲೆನಾಡಿನ ಪ್ರೇಕ್ಷಕರಿಗೆ ಈ ಚಿತ್ರ ಪರಕೀಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿಯಿಡೀ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದವರು ನಾವು. ಹಾಸ್ಯಗಾರ ದೂತನಾಗಿ ಬಂದು ನಗಿಸಿ ಹೋದ ರಂಗದಲ್ಲೇ ಸ್ವಲ್ಪ ಹೊತ್ತಿಗೆ ವಧೆ ನಡೆಯುತ್ತದೆ, ಯಾರೂ ಎದ್ದು ಹೋಗುವುದಿಲ್ಲ. ತೆರೆಯ ಹಿಂದಿನಿಂದಲೇ ಅಬ್ಬರಿಸುವ ಬಣ್ಣದ ವೇಷ ಕಂಡವರಿಗೆ ಓನರಮ್ಮ ಕಿರುಚಿಯೇ ಎದುರಾಳಿಗಳನ್ನು ಕೆಡಹುವ ಸಿಂಹಗರ್ಜನೆ ಅರ್ಥವಾಗಲು ಕಷ್ಟವಿಲ್ಲ. ಆದರೂ ಎಡವುತ್ತೇವೆ, ಅದಕ್ಕೆ ಕಾರಣವಿದೆ. ಆಟದಲ್ಲಿ ಹಾಸ್ಯಗಾರನ ವೇಷ ಬೇರೆ, ವೀರನ ವೇಷ ಬೇರೆ. ಯಾರಿಗೆ ನಗಬೇಕೆಂದು ಕಿರೀಟ, ಬಣ್ಣಗಳೇ ಹೇಳಿಬಿಡುತ್ತವೆ. ಇಲ್ಲಿ ಎರಡೂ ಒಂದೇ ಮೈಯಲ್ಲಿವೆ. ತಲೆಗೆ ರೋಲರ್ ಸುತ್ತಿಕೊಂಡು, ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡು ನೈಟಿಯಲ್ಲೇ ಓಡಾಡುವ ಹೆಂಗಸೇ ಮಗ ಸತ್ತ ದುಃಖದಲ್ಲಿ ಕುಂಗ್ ಫೂ ಬಿಟ್ಟವಳೂ ಹೌದು. ವೇಷ ಬದಲಾಗದೆ ರಸ ಬದಲಾಗುವುದಕ್ಕೆ ಕಣ್ಣು ಹೊಂದಿಕೊಳ್ಳಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಿಂದಾಗಿ ಹಳ್ಳಿಯವರೂ ಜಗತ್ತಿನ ಚಿತ್ರ ನೋಡಿದ ಸೀಮೆ ಇದು, ಹೊಂದಿಕೊಳ್ಳುವ ಶಕ್ತಿ ಇಲ್ಲಿನವರಿಗೆ ಧಾರಾಳವಾಗಿದೆ.

ಹಾಗೆಂದು ದೂರುಗಳೆಲ್ಲ ತಪ್ಪಲ್ಲ. ಮೂಕ ಹುಡುಗಿಯ ಪಾತ್ರ ತೀರಾ ತೆಳು, ಸಿಂಗ್‌ನ ಮನಸ್ಸು ತಿರುಗಲಿ ಎಂದಷ್ಟೇ ಅವಳನ್ನು ಇಟ್ಟಂತಿದೆ. ಟೇಲರ್‌ನ ಹೆಣ್ಣಿಗತನವನ್ನು ನಗೆಗೆ ಬಳಸಿದ್ದು ಇವತ್ತು ನೋಡುವಾಗ ಚೆನ್ನಾಗಿಲ್ಲ. ಸಿಂಗ್ ಆಕಾಶಕ್ಕೆ ಏರಿ ಬುದ್ಧನ ಹಸ್ತದ ಪಟ್ಟಿನೊಂದಿಗೆ ಇಳಿಯುವ ಕೊನೆಯ ಕಾಳಗದಲ್ಲಿ ಕಂಪ್ಯೂಟರ್ ಕೆಲಸ ಮೈಯ ಕೆಲಸವನ್ನು ನುಂಗಿಹಾಕಿದೆ. ಖಳನಾದ ಬ್ರೂಸ್ ಲೆಯುಂಗ್ ಬನಿಯನ್, ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ನಿಂತು ಎರಡು ಬೆರಳಲ್ಲಿ ಗುಂಡು ಹಿಡಿಯುವ ಗಳಿಗೆಗಿರುವ ತೂಕ ಆ ಕಾಳಗದಲ್ಲಿ ಅವನು ಹಾಕುವ ಕಪ್ಪೆ ಜಿಗಿತಕ್ಕೆ ಇಲ್ಲ. ಕಪ್ಪೆ ಪಟ್ಟು ಚೀನೀ ಲೇಖಕ ಜಿನ್ ಯೋಂಗ್ ಅವರ ಕಾದಂಬರಿಯಿಂದಲೂ, ಬುದ್ಧನ ಹಸ್ತ 1960ರ ದಶಕದ ಹಳೆಯ ಚಿತ್ರಗಳಿಂದಲೂ ಬಂದವು. ಅವನ್ನು ಓದಿ ನೋಡಿ ಬೆಳೆದವರಿಗೆ ಹೆಸರು ಕೇಳಿದರೇ ರೋಮಾಂಚನ, ನಮಗೆ ಕಾಣುವುದು ಕಪ್ಪೆಯಂತೆ ಉಬ್ಬುವ ಮುದುಕ ಮಾತ್ರ. ಅಷ್ಟನ್ನು ಮೊದಲೇ ಎರಡು ಮಾತಿನಲ್ಲಿ ಹೇಳಿಬಿಡಿ.

ತೋರಿಸುವ ಕ್ರಮದಲ್ಲಿ ಆಗುವ ತಪ್ಪುಗಳು ಬಹಳ. ಹಾಂಗ್‌ಕಾಂಗ್ ಚಿತ್ರವನ್ನೇ ನೋಡದವರಿಗೆ ನೇರ ಇದನ್ನು ಹಾಕಬೇಡಿ. ಮೊದಲು ಯುಯೆನ್ ವೂ-ಪಿಂಗ್ ಅವರದೇ ‘ಡ್ರಂಕನ್ ಮಾಸ್ಟರ್’ (1978), ಆಮೇಲೆ ಸ್ಟೀಫನ್ ಚೌ ಅವರ ‘ಶಾವೊಲಿನ್ ಸಾಕರ್’ (2001), ಮೂರನೆಯದಾಗಿ ಇದು. ಮೊದಲನೆಯದರಲ್ಲಿ ಮೈಯೇ ಹೇಗೆ ನಗಿಸುತ್ತದೆ ಎಂಬುದು, ಎರಡನೆಯದರಲ್ಲಿ ಕಂಪ್ಯೂಟರಿನ ಉತ್ಪ್ರೇಕ್ಷೆ ರೂಢಿಯಾಗುತ್ತದೆ. ಡಬ್ಬಿಂಗ್ ಬೇಡ, ಕ್ಯಾಂಟನೀಸ್ ಧ್ವನಿಯೇ ಇರಲಿ. ಓನರಮ್ಮನ ಬೈಗುಳದ ಏರಿಳಿತವೇ ಅರ್ಧ ಅಭಿನಯ, ಬೇರೆ ದನಿ ಕೂರಿಸಿದರೆ ಅದು ಬರೀ ಕಿರುಚಾಟ.

ಚಿತ್ರದ ಚೌಕಟ್ಟು ಅಗಲ, 2.35:1. ಎಂಟು ಅಡಿ ಅಗಲದ ಪರದೆಯಲ್ಲಿ ಚಿತ್ರದ ಎತ್ತರ ಸುಮಾರು 3.4 ಅಡಿ ಮಾತ್ರ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತೆಂದು ಜೂಮ್ ಮಾಡಿದರೆ ವಠಾರದ ಅಂಚಿನಲ್ಲಿ ನಿಂತವರೆಲ್ಲ ಮಾಯ. ಕಪ್ಪು ಪಟ್ಟಿ ಇರಲಿ, ಸಬ್‌ಟೈಟಲ್ ಅದರ ಮೇಲೆ ಬರುವಂತೆ ಪ್ಲೇಯರ್‌ನಲ್ಲಿ ಇಳಿಸಿ. ಕೊನೆಯ ಸಾಲು ಪರದೆಯಿಂದ 20 ಅಡಿಯೊಳಗಿದ್ದರೆ ಅಕ್ಷರ ಓದಬಹುದು. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು, ಮನೆಗೆಂದು ಕೊಂಡ ಡಿಸ್ಕ್ ಅದಕ್ಕೆ ಸಾಲದು.

ಮಳೆಗಾಲದಲ್ಲಿ ಶೀಟಿನ ಮಾಡಿರುವ ಹಾಲ್ ಆದರೆ ಸ್ಪೀಕರುಗಳನ್ನು ಪರದೆಯ ಪಕ್ಕ ಇಡಬೇಡಿ, ಹಾಲ್‌ನ ನಡುಭಾಗಕ್ಕೆ ಎರಡೂ ಗೋಡೆಗೆ ತನ್ನಿ. ತಂತಿವಾದ್ಯದ ದೃಶ್ಯ ನಿಂತಿರುವುದು ಮೀಟುವ ಮುಂಚಿನ ಮೌನದ ಮೇಲೆ. ಮಳೆಯ ಸದ್ದು ಆ ಮೌನವನ್ನು ತುಂಬಿಬಿಟ್ಟರೆ ಹಾರಿಬರುವ ಕತ್ತಿ ಬರೀ ಗ್ರಾಫಿಕ್ಸ್. ಜಡಿಮಳೆಯ ದಿನವಾದರೆ ಈ ಚಿತ್ರವನ್ನು ಮುಂದಕ್ಕೆ ಹಾಕುವುದೇ ಲೇಸು. ಕರೆಂಟಿನ ಲೆಕ್ಕವೂ ಇರಲಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ 450 ವಾಟ್ ಎಳೆದರೆ ಒಂದೂಮುಕ್ಕಾಲು ಗಂಟೆಗೆ ಸುಮಾರು 800 ವಾಟ್-ಅವರ್ ಬೇಕು, ಇನ್ವರ್ಟರಿನ ನಷ್ಟ ಬೇರೆ. 12 ವೋಲ್ಟ್ 150 ಎಎಚ್ ಬ್ಯಾಟರಿ ಹೊಸದಾಗಿದ್ದರೆ ನಿಭಾಯಿಸುತ್ತದೆ, ಹಳತಾದರೆ ಕೊನೆಯ ಕಾಳಗಕ್ಕೆ ಮೊದಲೇ ಕೈಕೊಡುತ್ತದೆ. ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿಡಿ. ಇಲ್ಲವಾದರೆ ಕರೆಂಟು ಹೋದ ಕ್ಷಣದಲ್ಲಿ ಪ್ರೊಜೆಕ್ಟರ್ ಆರಿ, ಲ್ಯಾಂಪ್ ತಣಿದು ಮತ್ತೆ ಹೊತ್ತಿಕೊಳ್ಳುವವರೆಗೆ ಕಾಯಬೇಕು.

ಮಕ್ಕಳ ವಿಷಯ. ಪೋಸ್ಟರ್ ನೋಡಿ ಮಕ್ಕಳ ಚಿತ್ರ ಅಂದುಕೊಳ್ಳಬೇಡಿ, ಅಮೆರಿಕದಲ್ಲಿ ಇದಕ್ಕೆ ಹಿಂಸೆಯ ಕಾರಣಕ್ಕೆ ಆರ್ ದರ್ಜೆ (17ರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕು) ಕೊಟ್ಟಿದ್ದಾರೆ. ಬೆನ್ನಿಗೆ ಗುಂಡೇಟು, ತಲೆ ಉರುಳುವುದು, ತಾಯಿ ಮಗುವಿಗೆ ಬೆಂಕಿ ಹಚ್ಚುವ ಬೆದರಿಕೆ, ಎಲ್ಲವೂ ನೇರವಾಗಿ ಇವೆ. ಹೈಸ್ಕೂಲ್ ದಾಟಿದವರಿಗೆ ಸರಿ, ಪ್ರೈಮರಿ ಮಕ್ಕಳಿಗೆ ‘ಶಾವೊಲಿನ್ ಸಾಕರ್’ ಹಾಕಿ.

ಚಿತ್ರಕ್ಕೆ ಇಂಟರ್ವಲ್ ಇಲ್ಲ. ಚಹಾಕ್ಕೆ ಬಿಡಲೇಬೇಕು ಅಂದರೆ ಓನರಮ್ಮ ಮತ್ತವಳ ಗಂಡ ಕೊಡಲಿ ಗ್ಯಾಂಗಿನ ಮುಖಂಡನ ಕಾರಿನೊಳಗೇ ಕೂತು ಅವನನ್ನು ಹೆದರಿಸುವ ದೃಶ್ಯ ಮುಗಿದ ಮೇಲೆ ಬಿಡಿ. ಅದಕ್ಕೂ ಮೊದಲು, ಮೂವರು ಗುರುಗಳು ಸತ್ತ ಜಾಗದಲ್ಲಿ ದೀಪ ಹಾಕಿದರೆ ಜನ ಆ ಬೇಸರದಲ್ಲೇ ಹೊರಗೆ ಹೋಗುತ್ತಾರೆ, ಅವರಲ್ಲಿ ಕೆಲವರು ಚಹಾ ಕುಡಿದು ಹಾಗೇ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ.